ಕೌದಿಯ ಹೊಟ್ಟೆ

"ಯಾರನ್ನ ಕೇಳಿ ಬಿಚ್ಚಿದ್ರಿ? ಹೇಳ್ರಿ! ನಿಮ್ಮಪ್ಪನ ಮನೀ ಆಸ್ತಿ ಅಂತ ಬಿಚ್ಚಿದ್ರಿ ಏನು?"

ಲಕ್ಷ್ಮವ್ವನ ದನಿಗೆ ನಾಗಪುರದ ಸದರ್ ಬಡಾವಣೆಯ ಆ ಎತ್ತರದ ಸಭಾಂಗಣ ಗುಂಯ್‌ಗುಟ್ಟಿತು. ಏಣಿ ಹತ್ತಿ ದೀಪ ಸರಿಮಾಡುತ್ತಿದ್ದವನು ಹಾಗೇ ಇಳಿದು ಬೀಡಿ ಸೇದಲು ಹೊರಗೆ ಹೋದ.

"ಲಕ್ಷ್ಮವ್ವ, ಪ್ಲೀಸ್, ಮೊದಲು ಕೂತ್ಕೊಳ್ಳಿ. ನಿಧಾನವಾಗಿ ಮಾತಾಡೋಣ" ಎಂದಳು ಮೃಣಾಲಿನಿ.

"ಕೂಡಾಕ ಬಂದಿಲ್ಲ ನಾ. ಇಳಸ್ರಿ ಅದನ್ನ."

ಮೃಣಾಲಿನಿ ಚಿತ್ರ ಬರೆಯುವವಳು. ಗಂಡನ ನೌಕರಿಗೆಂದು ಬೆಂಗಳೂರಿನಿಂದ ನಾಗಪುರಕ್ಕೆ ಬಂದು ಎರಡು ವರ್ಷ ಆಗಿತ್ತು. ರೈಲ್ವೆಯವರು, ಕಾರ್ಖಾನೆಯವರು ಎಂದು ಕನ್ನಡದ ಮನೆಗಳನ್ನು ಹುಡುಕಿ, ಒಂಬತ್ತು ಹೆಂಗಸರನ್ನು ಕೂಡಿಸಿ, ಗುರುವಾರಕ್ಕೊಮ್ಮೆ ಇದೇ ಸಭಾಂಗಣದಲ್ಲಿ ಕೌದಿ ಹೊಲಿಸಿದ್ದಳು. ಇವರು ಹೊಲಿಯುವುದು, ಅವಳು ಅದರ ಮೇಲೆ ಇವರ ಕೈಗಳ ಚಿತ್ರ ಬರೆಯುವುದು, ಆ ಕೈಗಳ ಸುತ್ತ ಇವರು ಮತ್ತೆ ಹೊಲಿಗೆ ಹಾಕುವುದು. ಎಂಟು ತಿಂಗಳ ಕೆಲಸ. ಇದು ಒಬ್ಬರ ಕಲೆ ಅಲ್ಲ, ಎಲ್ಲರದು ಎಂದು ಅವಳು ಹೇಳಿದಾಗೆಲ್ಲ ಲಕ್ಷ್ಮವ್ವ ಚುಚ್ಚುತ್ತಿದ್ದಳು: "ಹೌದ್ ಬಿಡ್ರಿ. ಸೂಜಿ ಚುಚ್ಚಿಸ್ಕೊಳ್ಳೂದು ನಾವು, ಫೋಟೋಕ್ಕ ನಿಲ್ಲೂದು ನೀವು." ಎಲ್ಲರೂ ನಗುತ್ತಿದ್ದರು. ಮೃಣಾಲಿನಿಯೂ ನಗುತ್ತಿದ್ದಳು. ಲಕ್ಷ್ಮವ್ವನಿಗೆ ಅವಳು ಹಿಡಿಸಿದ್ದು ಅದಕ್ಕೇ.

ಕೌದಿಗೆ ಎರಡು ಮುಖ, ನಡುವೆ ಒಂದು ಹೊಟ್ಟೆ. ಮೇಲೆ ಚೆಂದದ ತುಂಡು ಹಚ್ಚುತ್ತಾರೆ, ಕೆಳಗೆ ಗಟ್ಟಿ ಬಟ್ಟೆ ಹಾಕುತ್ತಾರೆ, ಹೊಟ್ಟೆಗೆ ಹಳತು ಸೇರಿಸುತ್ತಾರೆ. ಹೊಟ್ಟೆಗೆ ಹೋದದ್ದು ಹೊರಗೆ ಬರಬಾರದು ಎನ್ನುವುದು ಲಕ್ಷ್ಮವ್ವನ ಊರಿನ ರೂಢಿ. ಹರಿದರೆ ಮೇಲೊಂದು ತುಂಡು ಹಚ್ಚುತ್ತಾರೆ, ಒಳಗೆ ಇಣುಕುವುದಿಲ್ಲ. ಅದನ್ನು ಕೇಳಿಯೇ ಮೃಣಾಲಿನಿ ಅಂದಿದ್ದು: "ಹಾಗಾದ್ರೆ ಇಟ್ಕೊಳ್ಳೋಕೂ ಆಗದ, ಬಿಸಾಡೋಕೂ ಆಗದ ಒಂದೊಂದು ಬಟ್ಟೆ ತನ್ನಿ. ಹೊಟ್ಟೆ ಒಳಗಿಡೋಣ. ಯಾರೂ ನೋಡಲ್ಲ. ನಾನೂ ನೋಡಲ್ಲ."

ಆ ಮಾತು ನಂಬಿ ಲಕ್ಷ್ಮವ್ವ ತಂದಿದ್ದು ಒಂದು ಇಳಕಲ್ ಸೀರೆ. ನೀಲಿ ಮೈ, ಕೆಂಪು ಅಂಚು. ಅದು ಅವಳದಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ನಾಗಪುರದ ರಾಮದಾಸಪೇಠಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ವಾರ್ಡಿಗೆ ಗುಳೇದಗುಡ್ಡದ ಕಡೆಯ ಒಬ್ಬ ಮುದುಕಿ ಬಂದಳು. ಕಡೆಗಾಲಕ್ಕೆ ಮರಾಠಿ, ಹಿಂದಿ ಎಲ್ಲ ಮರೆತು ಬರೀ ಕನ್ನಡದಲ್ಲಿ ನೀರು ಕೇಳುತ್ತಿದ್ದಳು. ನರ್ಸುಗಳಿಗೆ ತಿಳಿಯದು. ಡ್ಯೂಟಿ ಮುಗಿದ ಮೇಲೂ ಲಕ್ಷ್ಮವ್ವ ಹನ್ನೊಂದು ದಿನ ಅವಳ ಬಳಿ ಕೂತಳು. ಸತ್ತಾಗ ಅವಳ ಬಟ್ಟೆಬರೆಯ ಗಂಟು ಕಟ್ಟಿದವಳೂ ಇವಳೇ. ಅಂಥದೇ ಅಂಚಿನ ಸೀರೆ ತನ್ನ ಅವ್ವ ಉಡುತ್ತಿದ್ದಳು ಎಂದು ಅದೊಂದನ್ನು ಗಂಟಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು. ಮುದುಕಿಯ ಮಗ ಬಂದು ಸಹಿ ಮಾಡಿ ಗಂಟು ಒಯ್ದ, ಬಿಚ್ಚಿ ಕೂಡ ನೋಡಲಿಲ್ಲ. ಸೀರೆಯನ್ನು ಲಕ್ಷ್ಮವ್ವ ಒಂದು ದಿನವೂ ಉಡಲಿಲ್ಲ. ಉಡಲು ಮೈ ಒಪ್ಪಲಿಲ್ಲ, ಸುಡಲು ಕೈ ಬರಲಿಲ್ಲ. ತಾನಿರುವ ಅಜ್ನಿಯ ರೈಲ್ವೆ ಕಾಲನಿಯಲ್ಲಿ ಯಾರ ತಂತಿಯ ಮೇಲಿನ ಬಟ್ಟೆ ಕಳೆದರೂ ಮೊದಲು ಬೀದಿಗೆ ಬಂದು ಬೈಯುವವಳು ಇವಳೇ. ಆ ಬಾಯಿಗೆ ಈ ಸೀರೆ ಬೀಗದ ಹಾಗೆ ತೂಗುತ್ತಿತ್ತು. ಕೌದಿಯ ಹೊಟ್ಟೆಗೆ ಹಾಕಿ ಹೊಲಿದ ದಿನ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂದಿತ್ತು.

ಈಗ ಕೌದಿ ಪುಸ್ತಕದ ಹಾಗೆ ತೆರೆದುಕೊಂಡು ಗೋಡೆಯ ಮೇಲೆ ನಿಂತಿತ್ತು. ಹೊಟ್ಟೆಯ ಒಂಬತ್ತೂ ಬಟ್ಟೆಗಳು ಕ್ಲಿಪ್ಪಿನಲ್ಲಿ ಸಾಲಾಗಿ ತೂಗುತ್ತಿದ್ದವು. ಇಳಕಲ್ ಸೀರೆಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬಿದ್ದಿತ್ತು. ಪಕ್ಕದಲ್ಲಿ ಮೂರು ಭಾಷೆಯ ಚೀಟಿ. ಕನ್ನಡದ್ದನ್ನು ಅವಳು ಎರಡು ಸಲ ಓದಿದ್ದಳು: 'ಕದ್ದ ಸೀರೆ. ಲಕ್ಷ್ಮವ್ವ, ೫೩, ಮಾಜಿ ಆಯಾ.'

"ಐದಕ್ಕ ಕನ್ನಡ ಸಂಘದ ಮಂದಿ ಪ್ರದರ್ಶನ ನೋಡಾಕ ಬರ್ತಾರ. ಆ ಮುದುಕಿ ಮಗನೂ ಸಂಘದಾಂವ. ಗೊತ್ತೇನ್ರಿ ನಿಮಗ?"

ಮೃಣಾಲಿನಿ ಚೀಟಿಯ ಕಡೆ ತಿರುಗಿದಳು. "ಇಲ್ಲ... ಅದು ನಂಗೆ ಗೊತ್ತಿರ್ಲಿಲ್ಲ. ಆದ್ರೆ ನೀವೇ ಒಪ್ಪಿದ್ರಲ್ಲ? ಒಪ್ಪಿದೀರ ಅಂತಾನೇ ನಾನು..."

"ನಾ ಒಪ್ಪೀನಿ? ಯಾವಾಗ?"

ಮೃಣಾಲಿನಿಯ ಕಣ್ಣು ಮೂಲೆಯ ಕಡೆ ಹೋಗಿ ಬಂತು. ಅಲ್ಲಿ ಒಂಬತ್ತು ಜನರಲ್ಲೊಬ್ಬಳಾದ ಚಾರುಲತಾ ಕುರ್ಚಿ ಒರೆಸುತ್ತಿದ್ದಳು. ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದಳು.

ಲಕ್ಷ್ಮವ್ವ ಕೌದಿಯ ಹತ್ತಿರ ಹೋದಳು. ಸಿಟ್ಟಿನಲ್ಲಿ ಇಷ್ಟು ಹೊತ್ತು ಕಣ್ಣಿಗೆ ಬೀಳದ್ದು ಈಗ ಬಿತ್ತು. ಎಲ್ಲೂ ಕತ್ತರಿಯ ಗುರುತಿಲ್ಲ. ಒಂದು ತುಂಡೂ ಹರಿದಿಲ್ಲ, ಸೂಜಿಯ ತೂತುಗಳು ಸಾಲು ಸಾಲಾಗಿ ಹಾಗೇ ಇವೆ. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಹಾಗೆ ಮುಗಿದ ಗಂಟನ್ನು ಅವಳು ಕೆಂಪು ತುಂಡೊಂದರ ಅಡಿಗೆ ಮುಚ್ಚಿದ್ದಳು. ಗಂಟು ಸಿಕ್ಕರೆ ದಾರ ಎಳೆಎಳೆಯಾಗಿ ಬಿಚ್ಚಿ ಬರುತ್ತದೆ. ಸಿಗದಿದ್ದರೆ ಕತ್ತರಿಯೇ ಗತಿ. ಗಂಟು ಎಲ್ಲಿದೆ ಎಂದು ಅವಳು ತೋರಿಸಿದ್ದು ಒಬ್ಬಳಿಗೆ ಮಾತ್ರ. ಸೀರೆಯ ಕಥೆ ಹೇಳಿದ್ದೂ ಅವಳೊಬ್ಬಳಿಗೇ.

ಸೊಲ್ಲಾಪುರದಿಂದ ಮದುವೆಯಾಗಿ ಬಂದ ಚಾರುಲತಾ ಹತ್ತೊಂಬತ್ತು ವರ್ಷದಿಂದ ಪಕ್ಕದ ಕ್ವಾರ್ಟರ್ಸಿನವಳು. ಒಂದೇ ಗೋಡೆ, ಒಂದೇ ನೀರಿನ ನಳ.

"ಚಾರೂ" ಎಂದಳು ಲಕ್ಷ್ಮವ್ವ. ದನಿ ಇಳಿದಿತ್ತು. "ಇಲ್ಲಿ ಬಾ."

ಅವಳು ಒರೆಸುವ ಅರಿವೆ ಹಿಡಿದುಕೊಂಡೇ ಬಂದಳು. "ಅಗ ಅಕ್ಕಾ, ಇವರು ಕತ್ತರಿ ಹಚ್ಚಾಕ ನಿಂತಿದ್ರು. ಖರೇನ. ಹರದ್ರ ನಿನಗ ತ್ರಾಸ ಆಗ್ತೈತಂತ ನಾನೇ ಕೂತು ಬಿಚ್ಚಿದೆ. ಎರಡು ದಿನಾ ಬಿಚ್ಚೀನಿ. ನೋಡು, ಒಂದು ಎಳಿ ಹರದಿಲ್ಲ."

"ನಾ ಒಪ್ಪೀನಂತ ಹೇಳಿದಾಕಿನೂ ನೀನೇನ?"

ಚಾರುಲತಾ ಹೂಂ ಎಂದು ತಲೆಯಾಡಿಸಿದಳು.

"ಯಾಕ?"

"ನಾ ಏನ್ ಇಟ್ಟೀನಿ ನೋಡು ಅಲ್ಲಿ. ಹಳೇ ಚಾದರ. ಅದರ ಮುಂದ ಯಾರರೆ ನಿಂತಾರೇನು? ನಿನ್ನ ಕಥಿ ಹೇಳಿದೆ, ಮ್ಯಾಡಮ್ ಕಣ್ಣಾಗ ನೀರು ತಂದು, ಇದನ್ನ ಮಂದಿಗೆ ತೋರಸಬೇಕಂದ್ರು. ಈ ಕೌದಿ ಮುಂಬೈಕ ಹೋಗ್ತೈತಿ, ಬಿಚ್ಚಿದಾಕಿ ನೀನು, ನೀನೂ ಬಾ ಅಂದ್ರು. ನನ್ನ ಕೈಕೆಲಸಕ್ಕ ಹಿಂಗ ಯಾರು ಅಂದಾರ ಇಲ್ಲೀತನಕ? ಮತ್ತ ನೀನೇನ್ ಖೂನಿ ಮಾಡೀಯೇನು? ಬರೇ ಒಂದು ಸೀರಿ."

"ಬರೇ ಒಂದು ಸೀರಿ" ಎಂದಳು ಲಕ್ಷ್ಮವ್ವ. "ಹಂಗಾದ್ರ ಹೆಸರು ನಿಂದು ಬರಸಬೇಕಿತ್ತು."

ಮೃಣಾಲಿನಿ ಗಡಬಡಿಸಿ ಚೀಟಿ ಕಿತ್ತಳು. ಸ್ಟೂಲು ಎಳೆದು ಹತ್ತಿ, ಸೀರೆ ಬಿಡಿಸಿ, ಮಡಚಿ ಮುಂದೆ ಹಿಡಿದಳು. "ತಪ್ಪಾಯ್ತು. ನಾನೇ ನಿಮ್ಮನ್ನ ಕೇಳ್ಬೇಕಿತ್ತು. ತಗೊಳ್ಳಿ, ಇದು ನಿಮ್ಮದು. ಮನೆಗೆ ತಗೊಂಡ್ಹೋಗಿ."

ಲಕ್ಷ್ಮವ್ವನ ಕೈ ಮುಂದೆ ಹೋಯಿತು. ಅಂಚಿನ ಕೆಂಪಿಗೆ ಬೆರಳು ತಾಗಿತು. ಅಲ್ಲೇ ನಿಂತಿತು.

"ಒಂದ್ ಸಲ ಒಯ್ದೀನಿ" ಎಂದಳು. "ಎರಡನೇ ಸಲ ಒಯ್ಯೂದಿಲ್ಲ. ಇದರ ವಾರಸದಾರ ಐದಕ್ಕ ಬರ್ತಾನ. ಅವನ ಕೈಯಾಗ ಕೊಡ್ರಿ. ಕೇಳಿದ್ರ ಯಾರು ಕದ್ದಿದ್ರಂತ ಹೇಳ್ರಿ, ಚೀಟಿ ಬ್ಯಾಡ, ಬಾಯಿಲೆ ಹೇಳ್ರಿ. ಚಾರೂಗ ಹೇಳಾಕ ಹಚ್ಚ್ರಿ, ಆಕಿಗೆ ಚಲೋ ಬರ್ತೈತಿ."

"ಅಕ್ಕಾ, ಹಂಗ್ಯಾಕ ಅಂತಿ..." ಚಾರುಲತಾ ಅವಳ ತೋಳು ಹಿಡಿದಳು.

ಲಕ್ಷ್ಮವ್ವ ತೋಳು ಬಿಡಿಸಿಕೊಂಡು ಸೊಂಟದಲ್ಲಿ ಸಿಕ್ಕಿಸಿದ್ದ ಸೂಜಿಡಬ್ಬಿ ತೆಗೆದಳು. ಅವ್ವನ ಕಾಲದ ಹಿತ್ತಾಳೆ ಡಬ್ಬಿ. ಚಾರುಲತಾಳ ಕೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಬಿಚ್ಚಿದಾಕಿ ನೀನು. ಹೊಲಿ ಇನ್ನ."

ಮೆಟ್ಟಿಲಲ್ಲಿ ಸಂಘದ ಅಧ್ಯಕ್ಷ ನರಸಿಂಹಮೂರ್ತಿ ಎದುರಾದರು, ಕೈಯಲ್ಲಿ ಹೂಗುಚ್ಛ. "ಏನ್ರೀ ಲಕ್ಷ್ಮವ್ವ, ಕಾರ್ಯಕ್ರಮ ಶುರುನೇ ಆಗಿಲ್ಲ, ಹೊರಟೇಬಿಟ್ರಾ?"

"ನಂದು ಮುಗೀತ್ರಿ" ಎಂದು ಅವಳು ಕೆಳಗಿಳಿದಳು.

ಮುಂದಿನ ಗುರುವಾರ ಎಂಟು ಜನ ಕೂತು ಕೌದಿ ಮತ್ತೆ ಹೊಲಿದರು. ನಡುವಿನ ಗಂಟಿಗೆ ಬಂದು, ಅದನ್ನು ಹಾಕುವವಳಿಗಾಗಿ ಸೂಜಿ ಹಿಡಿದು ಕಾದರು. ಲಕ್ಷ್ಮವ್ವ ಆ ಗುರುವಾರವೂ ಬರಲಿಲ್ಲ, ಆಮೇಲೆ ಯಾವ ಗುರುವಾರವೂ ಬರಲಿಲ್ಲ.