ಬಾರದ ಫೋನಿಗೆ ಕೊರೆದ ತೂತು

ನಮ್ಮದು ಇನ್ನೂ ಯಾರೂ ನೋಡದ ಫೋನಿಗೆ ಅಂಗಿ ಹೊಲಿಯುವಂಥ ಕೆಲಸ. ಹೊಸ ಫೋನು ಅಂಗಡಿಗೆ ಬಂದ ದಿನವೇ ಪಕ್ಕದಲ್ಲಿ ಅದರ ಕವರುಗಳೂ ನೇತಾಡುತ್ತಿರಬೇಕು. ಸ್ವಲ್ಪ ತಡವಾದರೂ ಕೊಳ್ಳುವವರು ಬೇರೆ ಯಾರದೋ ಕವರು ಹಾಕಿಸಿಕೊಂಡು ಹೋಗಿರುತ್ತಾರೆ, ಆಮೇಲೆ ನಮ್ಮದನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಫೋನು ಬರುವ ಮೊದಲೇ ಅದರ ಉದ್ದ ಎಷ್ಟು, ಕ್ಯಾಮೆರಾ ಎಲ್ಲಿ, ಚಾರ್ಜರ್ ಚುಚ್ಚುವ ತೂತು ಎಲ್ಲಿ ಎಂದು ಅಂದಾಜು ಮಾಡಿ ಅಚ್ಚು ಕೊರೆಯಬೇಕು. ಫೋನು ಮಾಡುವ ಕಂಪನಿಯವರು ನಮಗೆ ಅಳತೆ ಕೊಡುವುದಿಲ್ಲ. ನಾವೆಂಬುವವರು ಇದ್ದೇವೆ ಎನ್ನುವುದೇ ಅವರಿಗೆ ಗೊತ್ತಿಲ್ಲ. ಆದರೆ ವರ್ಷವರ್ಷವೂ ಫೋನನ್ನು ಒಂದು ಕೂದಲೆಳೆಯಷ್ಟು ಉದ್ದ ಮಾಡಿ, ಒಂದು ಗುಂಡಿಯನ್ನು ಚೂರು ಕೆಳಗಿಳಿಸಿ, ಹಳೆಯ ಕವರು ಯಾವುದೂ ಹೊಂದದಂತೆ ಮಾಡುವುದನ್ನು ಮಾತ್ರ ಅವರು ಮರೆಯುವುದಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಕಾರ್ಖಾನೆ ಎಂದರೆ ನಮ್ಮ ಮನೆಯ ಕೆಳಗಿನ ಎರಡು ಕೋಣೆ. ಅಣ್ಣ ಯಂತ್ರ ನಡೆಸುತ್ತಾನೆ. ಅತ್ತಿಗೆ ಅಚ್ಚು ಕೊರೆಯುತ್ತಾಳೆ. ನಾನು ಕವರಿನ ಅಂಚು ಕೆತ್ತಿ ನುಣುಪು ಮಾಡುತ್ತೇನೆ, ಅಮ್ಮ ಚೀಲಕ್ಕೆ ತುಂಬುತ್ತಾಳೆ. ನಮ್ಮ ಮಾಲು ಕೊಳ್ಳುವವನು ಒಬ್ಬನೇ ಒಬ್ಬ ಸಗಟು ವ್ಯಾಪಾರಿ. ಮಾತೆತ್ತಿದರೆ ಗಡುವು, ಗಡುವು ಎನ್ನುವುದರಿಂದ ಅಮ್ಮ ಅವನಿಗೆ ಗಡುವಣ್ಣ ಎಂದು ಹೆಸರಿಟ್ಟಿದ್ದಾಳೆ. ಬರಲಿರುವ ಫೋನಿನ ನಕ್ಷೆ ತಂದುಕೊಡುವವನೂ ಅವನೇ. ಎಲ್ಲಿಂದ ತಂದ ಎಂದು ನಾವು ಕೇಳುವುದಿಲ್ಲ.

ಹೋದ ವರ್ಷದ ನಕ್ಷೆಯಲ್ಲಿ ಫೋನಿನ ದಪ್ಪ ತಪ್ಪಿತ್ತು. ಉಗುರಿನಷ್ಟು ವ್ಯತ್ಯಾಸ, ಅಷ್ಟೇ. ಆದರೆ ಕವರು ಫೋನಿನ ಮೇಲೆ ಕೂರಲೇ ಇಲ್ಲ. ಇಡೀ ಮಾಲು ವಾಪಸು ಬಂತು. ನಕ್ಷೆ ತಂದವನು ಗಡುವಣ್ಣ, ಆದರೂ ಬೈಸಿಕೊಂಡವರು ನಾವು. "ಇನ್ನೊಂದು ಸಲ ಹೀಗಾದ್ರೆ ಹಿಂದಿನ ಬೀದಿ ಕಾರ್ಖಾನೆಗೆ ಕೊಟ್ಬಿಡ್ತೀನಿ. ಆಮೇಲೆ ನನ್ನನ್ನ ಕರೀಬೇಡಿ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ. ಅವನು ಕೈಬಿಟ್ಟರೆ ಯಂತ್ರಕ್ಕೆ ಬೀಗ. ಅಣ್ಣ ಹೋಗಿ ಇನ್ನೊಬ್ಬರ ಯಂತ್ರದ ಮುಂದೆ ನಿಲ್ಲಬೇಕು. ಅದನ್ನು ನಾವ್ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆ ವರ್ಷವಿಡೀ ಅದರ ನೆರಳಲ್ಲೇ ಉಂಡು ಮಲಗಿದೆವು.

ಈ ವರ್ಷದ ನಕ್ಷೆ ಬಂದಾಗ ಅಳತೆಗಳೆಲ್ಲ ಸ್ಪಷ್ಟವಾಗಿದ್ದವು. ಕೆಳಗಿನ ಅಂಚಿನಲ್ಲಿ ಮಾತ್ರ, ಚಾರ್ಜರ್ ತೂತಿನ ಎಡಕ್ಕೆ, ಒಂದು ಮಸುಕು ಚುಕ್ಕೆ ಇತ್ತು.

"ಇದು ಇಯರ್‌ಫೋನ್ ತೂತು ಕಣೇ!" ಅಣ್ಣ ಕನ್ನಡಕ ಏರಿಸಿದ. "ಕಿತ್ತು ಹಾಕಿದ್ದನ್ನ ಮತ್ತೆ ಕೊಡ್ತಿದ್ದಾರೆ."

"ಶಾಯಿ ಹರಡಿರ್ಲೂಬಹುದು ರೀ" ಎಂದಳು ಅತ್ತಿಗೆ.

"ಶಾಯಿ ಇಷ್ಟು ದುಂಡಗೆ ಹರಡತ್ತಾ?"

ಅಮ್ಮ ಚೀಲ ತುಂಬುತ್ತಲೇ ಬಾಯಿ ಹಾಕಿದಳು. "ಇರ್ಲಿ, ತೂತು ಇರ್ಲಿ. ಆ ವೈರಿಲ್ಲದ ಕಡಲೆಕಾಳು ಕಿವಿಗೆ ಸಿಕ್ಕಿಸ್ಕೊಂಡು ಸಾಕಾಗಿದೆ. ಒಂದು ಉದುರಿ ಚೀಲದೊಳಗೆ ಬಿದ್ದು ಕವರಿನ ಜೊತೆ ಮಾರಾಟಾನೇ ಆಗ್ಹೋಯ್ತು! ಇನ್ನೊಂದು ಕಿವೀಲಿ ಅರ್ಧ ಹಾಡು ಕೇಳ್ಕೊಂಡು ಕೂತಿದೀನಿ. ಫೋನು ನೋಡಿದ್ರೆ ಹಲಗೆ ಥರ. ಒಂದು ಕೈಲಿ ಹಿಡಿದ್ರೆ ಹೆಬ್ಬೆರಳು ಆ ಕಡೆ ಮುಟ್ಟಲ್ಲ. ಇವ್ರಿಗೆಲ್ಲ ಅಮ್ಮಂದಿರೇ ಇಲ್ವಾ?"

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ನಕ್ಷೆಯಲ್ಲಿ ಅನುಮಾನ ಬಂದರೆ ಮಾದರಿ ಕವರಿನಲ್ಲಿ ತೂತು ಕೊರೆದೇ ಕಳಿಸುತ್ತೇವೆ. ಕೊರೆಯದೆ ಕಳಿಸಿದರೆ ವ್ಯಾಪಾರಿ ಗಮನಿಸುವುದೇ ಇಲ್ಲ. ಕೊರೆದಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಹೌದಾ ಅಲ್ಲವಾ ಎಂದು ವಿಚಾರಿಸಿ ತಿಳಿಸುತ್ತಾನೆ. ಅಂದರೆ ಮಾದರಿಯ ತೂತು ನಾವು ಕೇಳುವ ಪ್ರಶ್ನೆ. ಅತ್ತಿಗೆಯೂ ಹಾಗೆಯೇ ಅಚ್ಚಿನಲ್ಲಿ ಆ ಜಾಗಕ್ಕೆ ಒಂದು ಸಣ್ಣ ಮೊಳೆ ಕೂರಿಸಿದಳು. ಮೊಳೆ ಇದ್ದಲ್ಲಿ ಪ್ಲಾಸ್ಟಿಕ್ ತುಂಬುವುದಿಲ್ಲ, ಕವರಿನಲ್ಲಿ ತೂತು ಬೀಳುತ್ತದೆ. ಕೂರಿಸುವಾಗ ಉಜ್ಜುವ ಅರ ಜಾರಿ ಮೊಳೆಯ ಪಕ್ಕ ಓರೆಯಾಗಿ ಗೀರು ಬಿತ್ತು. "ಮಾದರಿ ತಾನೇ, ಮಾಲು ತೆಗೆಯೋ ಮುಂಚೆ ಉಜ್ಜಿಬಿಡ್ತೀನಿ" ಎಂದು ಹಾಗೇ ಬಿಟ್ಟಳು.

ಮಾದರಿ ಒಯ್ಯಲು ಬಂದ ಗಡುವಣ್ಣನಿಗೆ ಅವಳೇ ಬೆರಳಿಟ್ಟು ತೋರಿಸಿದಳು. "ಇಲ್ಲಿ ತೂತು ಇದೆಯೋ ಇಲ್ವೋ, ಸರಿಯಾಗಿ ಕೇಳಿ ಹೇಳಿ. ಅದು ಗೊತ್ತಾಗೋವರೆಗೆ ಮಾಲು ತೆಗೆಯಲ್ಲ."

"ಆಯ್ತು ತಾಯಿ, ಗಡುವಿನೊಳಗೆ ಹೇಳ್ತೀನಿ" ಎಂದು ಅವನು ಫೋಟೋ ಹೊಡೆದುಕೊಂಡು ಹೋದ.

ಕೆಲವು ದಿನ ಕಳೆದ ಮೇಲೆ ಅಣ್ಣ ಫೋನು ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿಬಂದ. ಬರಲಿರುವ ಫೋನುಗಳ ಬಗ್ಗೆ ವಿಡಿಯೋ ಮಾಡುವವನೊಬ್ಬನಿದ್ದಾನೆ. ಹೇಳಿದ್ದರಲ್ಲಿ ಅರ್ಧ ನಡೆದರೂ ಜನ ಪೂರ್ತಿ ನಂಬುತ್ತಾರೆ. ನಮ್ಮ ಮನೆಯಲ್ಲಿ ಅವನಿಗೆ ಕಾಲಜ್ಞಾನಿ ಎನ್ನುತ್ತೇವೆ. ಆ ಕಾಲಜ್ಞಾನಿ ಕೈ ಬೀಸಿ ಬೀಸಿ ಹೇಳುತ್ತಿದ್ದ: ಮೆಮೊರಿ ಹಿಂದಿನದರ ಎರಡರಷ್ಟು, ಮೆಮೊರಿ ಕಾರ್ಡ್ ಹಾಕುವ ಜಾಗ ವಾಪಸು, ಅಂಗೈಯಲ್ಲಿ ಕೂರುವ ಗಾತ್ರ, ಎಲ್ಲಕ್ಕಿಂತ ಮುಖ್ಯವಾಗಿ ಇಯರ್‌ಫೋನ್ ತೂತು! "ಇದು ಗಾಳಿಮಾತಲ್ಲ ಸ್ನೇಹಿತರೇ. ಕವರ್ ಮಾಡೋರಿಗೆ ಕಂಪನಿಯಿಂದಲೇ ಅಳತೆ ಹೋಗಿದೆ. ಇಲ್ಲಿ ನೋಡಿ ಸಾಕ್ಷಿ!" ಎಂದು ಒಂದು ಕವರಿನ ಚಿತ್ರ ತೋರಿಸಿದ.

"ನೋಡಿದ್ಯಾ? ನಾನು ಅವತ್ತೇ ಹೇಳಿರ್ಲಿಲ್ವಾ?" ಅಣ್ಣನ ಮುಖ ಊರಗಲವಾಗಿತ್ತು. ಅಮ್ಮ ತನಗೆ ಕೆಂಪು ಕವರು ಬೇಕೆಂದು ಆಗಲೇ ಹೇಳಿಯಾಗಿತ್ತು. ಅಷ್ಟರಲ್ಲಿ ಗಡುವಣ್ಣನ ಫೋನೂ ಬಂತು: ಖಚಿತವಾಯಿತು, ತೂತಿನ ಸಮೇತ ಇಡೀ ಮಾಲು ತೆಗೆಯಿರಿ.

ಅತ್ತಿಗೆ ಮಾತ್ರ ಅಣ್ಣನ ಕೈಯಿಂದ ಫೋನು ತೆಗೆದುಕೊಂಡು ಆ ಚಿತ್ರ ಬಂದಲ್ಲಿಗೆ ನಿಲ್ಲಿಸಿದಳು. ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದಳು.

"ರೀ, ಇದು ನಮ್ಮ ಕವರು."

"ಏನು?"

"ನಾನು ಮಾಡಿದ್ದು. ತೂತಿನ ಪಕ್ಕ ಉಬ್ಬಿರೋ ಓರೆ ಗೆರೆ ನೋಡಿ. ನನ್ನ ಅರ ಜಾರಿದ್ದು."

"ಎಲ್ಲಾ ಕವರೂ ಒಂದೇ ಥರ ಇರ್ತಾವೆ, ಸುಮ್ನಿರು."

ಅವಳು ಅಚ್ಚನ್ನೇ ತಂದು ಮೇಜಿನ ಮೇಲಿಟ್ಟಳು. ನಾನು ಚಿತ್ರವನ್ನು ಪಕ್ಕದಲ್ಲಿ ಹಿಡಿದೆ. ಗೀರು ಅಲ್ಲೇ ಇತ್ತು, ಅದೇ ಓರೆ, ಅದೇ ಉದ್ದ. ಅಣ್ಣ ಒಮ್ಮೆ ಅಚ್ಚು ನೋಡಿದ, ಒಮ್ಮೆ ಚಿತ್ರ ನೋಡಿದ. ಅವನ ಮುಖ ಇಳಿದುಹೋಯಿತು.

ನನಗಂತೂ ಸಿಟ್ಟು ನೆತ್ತಿಗೇರಿತು. ಇದೆಂಥ ಮೋಸ? ನಾವು ಇದೆಯೇ ಎಂದು ಕೇಳಿ ಕಳಿಸಿದ್ದೆವು. ಆ ಪ್ರಶ್ನೆ ನಾಲ್ಕು ಕೈ ದಾಟಿ ಇದೆ ಎನ್ನುವ ಉತ್ತರವಾಗಿ ನಮ್ಮ ಮನೆಗೇ ವಾಪಸು ಬಂದಿತ್ತು. ಅದನ್ನು ನಂಬಿ ಕುಣಿದವರಲ್ಲಿ ನಾವೇ ಮೊದಲಿಗರು.

ಮರುದಿನ ಗಡುವಣ್ಣ ಮಾಲು ಎಷ್ಟಾಯಿತು ಎಂದು ನೋಡಲು ಬಂದ. ಯಂತ್ರ ತಣ್ಣಗಿತ್ತು.

"ಇದೇನಿದು? ಗಡುವು ಗೊತ್ತಿಲ್ವಾ?"

"ಗಡುವು ಆಮೇಲೆ" ಎಂದಳು ಅತ್ತಿಗೆ. "ಆ ಫೋಟೋ ಯಾರಿಗೆ ಕಳಿಸಿದ್ರಿ?"

ಅವನು ತಲೆ ಕೆರೆದುಕೊಂಡ. "ಒಬ್ಬ ಅಂಗಡಿಯವನಿಗೆ. ತೂತು ಇದೆಯಾ ಅಂತ ಕೇಳೋಕೇ ಕಳಿಸಿದ್ದು ತಾಯಿ, ಆಣೆಗೂ. ಅವನು ಇನ್ಯಾರಿಗೋ ಕಳಿಸಿದಾನೆ."

"ಅವನು ಏನಂದ?"

"ವಿಡಿಯೋ ನೋಡು, ಬಂದಿದೆ ಅಂದ."

ಅಮ್ಮ ಜೋರಾಗಿ ನಕ್ಕುಬಿಟ್ಟಳು. "ಚೆನ್ನಾಗಿದೆ ಕಣಪ್ಪ! ನನ್ನ ಗಂಡ ಎಲ್ಲಿ ಅಂತ ಊರೆಲ್ಲ ಕೇಳ್ಕೊಂಡು ಬಂದವಳಿಗೆ, ನಿನ್ನ ಗಂಡನ್ನ ಯಾರೋ ಹುಡುಕ್ತಿದಾರೆ ನೋಡು ಅಂದ ಹಾಗಾಯ್ತು."

ಗಡುವಣ್ಣನಿಗೆ ನಗು ಬರಲಿಲ್ಲ. "ನೋಡಿ, ಎಲ್ಲಿಂದ ಬಂತು ಅನ್ನೋದು ಈಗ ಬೇಕಾಗಿಲ್ಲ. ಇಡೀ ಪೇಟೆ ತೂತಿದೆ ಅಂತಿದೆ. ಅಂಗಡಿಯೋರೆಲ್ಲ ತೂತಿರೋ ಕವರೇ ಬೇಕು ಅಂತಾರೆ. ಹಿಂದಿನ ಬೀದಿಯೋನು ಆಗಲೇ ಶುರು ಮಾಡಿದಾನೆ. ನೀವು ತೆಗೀತೀರೋ ಇಲ್ವೋ?"

"ಅವನು ಯಾವ ನಕ್ಷೆ ನೋಡಿ ಶುರು ಮಾಡಿದ?" ಅತ್ತಿಗೆಯ ಧ್ವನಿ ಏರಿತು. "ನನ್ನ ಕವರಿನ ಫೋಟೋ ನೋಡಿ ತಾನೇ? ನಾಳೆ ನೀವೇ ಬಂದು, ಅವನೂ ಮಾಡ್ತಿದಾನೆ, ಅದಕ್ಕೇ ಖಚಿತ ಅಂತೀರಿ. ಇದಕ್ಕೆ ಕೊನೆ ಎಲ್ಲಿ? ಕೇಳಿ ಇಲ್ಲಿ. ತೂತಿಲ್ಲದೆ ಮಾಲು ತೆಗೀತೀನಿ. ಫೋನಲ್ಲಿ ತೂತು ಇದ್ರೆ ನಾನೂ ನನ್ನ ನಾದಿನಿಯೂ ಕೂತು ಒಂದೊಂದಕ್ಕೂ ಕೊರೆದು ಕೊಡ್ತೀವಿ, ಬೆರಳು ಸವೆದ್ರೂ ಚಿಂತೆಯಿಲ್ಲ. ಆದ್ರೆ ಬಿದ್ದ ತೂತನ್ನ ಮುಚ್ಚೋಕೆ ನನ್ನ ಕೈಲಾಗಲ್ಲ. ಹೊಸ ಫೋನು ಕೊಂಡೋನು ತೂತು ಬಿದ್ದ ಕವರು ಹಾಕ್ತಾನಾ? ಹಳೇ ಮಾಲು ಅಂತ ಮುಖಕ್ಕೆ ಎಸೀತಾನೆ."

ನಾನು ಅಣ್ಣನನ್ನೇ ನೋಡುತ್ತಿದ್ದೆ. ಮೊದಲಿನಿಂದಲೂ ಗಡುವಣ್ಣನ ಮಾತಿಗೆ ಅವನು ಎದುರಾಡಿದವನಲ್ಲ. ಅವನು ಮೆಲ್ಲಗೆ ಕೇಳಿದ: "ನೀವು ಹೇಳ್ದಂಗೇ ತೂತು ಹಾಕಿ ತೆಗೀತೀವಿ ಅಂತಿಟ್ಕೊಳ್ಳಿ. ಫೋನಲ್ಲಿ ತೂತು ಇಲ್ದೇ ಇದ್ರೆ? ಮಾಲು ವಾಪಸ್ ಬಂದ್ರೆ ಯಾರ ತಲೆಗೆ?"

"ನಿಮ್ಮ ತಲೆಗೇ ಮತ್ತೆ. ಮಾಡೋರು ನೀವಲ್ವಾ?"

ಎಷ್ಟು ಸಲೀಸಾಗಿ ಹೇಳಿದ! ನಕ್ಷೆ ಅವನದು, ಸುದ್ದಿ ಅವನದು, ಆತುರ ಅವನದು, ತಲೆ ಮಾತ್ರ ನಮ್ಮದು. ಅಣ್ಣನ ಕಿವಿ ಕೆಂಪಾದವು. ಅವನು ಎದ್ದು ಹೋಗಿ ಅರ ತಂದು ಅತ್ತಿಗೆಯ ಮುಂದೆ ಇಟ್ಟ.

"ಉಜ್ಜೇ, ಆ ಮೊಳೆ."

ಅತ್ತಿಗೆ ಗಡುವಣ್ಣನ ಕಣ್ಣೆದುರೇ ಮೊಳೆಯನ್ನು ಉಜ್ಜಿ ಮಟ್ಟ ಮಾಡಿದಳು. ಅವನು ಒಂದು ಗಳಿಗೆ ಆ ಕರಕರ ಸದ್ದು ಕೇಳುತ್ತಾ ನಿಂತಿದ್ದ. "ನಿಮ್ಮ ಹಣೆಬರಹ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಹೋದದ್ದು ನೇರ ಹಿಂದಿನ ಬೀದಿಗೇ ಎಂದು ಸಂಜೆಗೆ ತಿಳಿಯಿತು.

ನಾವು ಮಾಲು ತೆಗೆದೆವು. ಕೊಳ್ಳುವವನಿಲ್ಲದ ಮಾಲು ತೆಗೆಯುವುದು ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಯಂತ್ರದ ಸದ್ದೂ ಅಣಕಿಸಿದಂತೆ ಕೇಳುತ್ತಿತ್ತು. ಅಣ್ಣ ಕಾಲಜ್ಞಾನಿಯ ವಿಡಿಯೋಗಳನ್ನು ಕದ್ದು ನೋಡುತ್ತಿದ್ದ. ನಾವು ಬಂದರೆ ಸದ್ದು ಅಡಗಿಸುತ್ತಿದ್ದ. ಒಂದು ದಿನ ಅನ್ನ ಕಲಸುತ್ತಾ ಇದ್ದಕ್ಕಿದ್ದಂತೆ, "ತೂತು ಇದ್ದುಬಿಟ್ರೆ?" ಎಂದ. "ಇದ್ರೆ ಕೊರೀತೀನಿ ಅಂದಿದೀನಲ್ಲ. ಊಟ ಮಾಡಿ" ಎಂದಳು ಅತ್ತಿಗೆ. ಆದರೆ ಅವಳ ತಟ್ಟೆಯಲ್ಲೂ ಅನ್ನ ಹಾಗೇ ಇತ್ತು.

ಫೋನು ಬಿಡುಗಡೆಯಾದ ದಿನ ನಾಲ್ಕೂ ಜನ ಒಂದೇ ಪರದೆಗೆ ಮುಖ ಅಂಟಿಸಿ ಕೂತೆವು. ವೇದಿಕೆಯ ಮೇಲಿನ ಮನುಷ್ಯ ಫೋನನ್ನು ಹೂವಿನಂತೆ ಎತ್ತಿ ಹಿಡಿದ. ಗಾತ್ರ ನಮ್ಮ ನಕ್ಷೆಯದೇ, ಅಂಗೈಗಿಂತ ಬೆರಳುದ್ದ ದೊಡ್ಡದು. ಮೆಮೊರಿ ಹಿಂದಿನಷ್ಟೇ, ಕಾರ್ಡಿಗೆ ಜಾಗವಿಲ್ಲ. ಆಮೇಲೆ ಅವನು ಅದನ್ನು ನಿಧಾನವಾಗಿ ತಿರುಗಿಸಿ ಕೆಳಗಿನ ಅಂಚು ತೋರಿಸಿದ. ಚಾರ್ಜರ್ ತೂತು ಒಂದೇ. ಅದರ ಎಡಕ್ಕೆ ನುಣ್ಣಗೆ, ಬೋಳು.

ನಾವು ಗೆದ್ದಿದ್ದೆವು. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಯ್ಯೋ, ನಿಜವಾಗ್ಲೂ ಕೊಡ್ಲಿಲ್ವಲ್ಲೇ ಇವ್ರು!" ಅಮ್ಮ ಪರದೆಯನ್ನೇ ಹೊಡೆಯುವಂತೆ ಕೈ ಎತ್ತಿದಳು. "ಇಷ್ಟು ಜನ ಬಾಯಿಬಿಟ್ಟು ಕೇಳಿದ್ರೂ ಒಂದು ತೂತು ಕೊಡೋಕೆ ಇವ್ರ ಗಂಟೇನು ಹೋಗ್ತಿತ್ತು?"

"ನಂಗೂ ಬೇಕಿತ್ತು ಅತ್ತೆ" ಎಂದಳು ಅತ್ತಿಗೆ. "ನಂಗೆ ಬೇಕಿತ್ತು ಅಂತ ಅದು ಇರಲ್ವಲ್ಲ."

ಮರುದಿನ ಬೆಳಿಗ್ಗೆ ಕಾಲಜ್ಞಾನಿಯ ಹೊಸ ವಿಡಿಯೋ ಬಂತು. ನಮ್ಮದೇ ಕವರಿನ ಚಿತ್ರಕ್ಕೆ ಅಡ್ಡಗೆರೆ ಎಳೆದು ಹೇಳುತ್ತಿದ್ದ: "ಸ್ನೇಹಿತರೇ, ಕವರ್ ಮಾಡೋರು ನಮಗೆಲ್ಲ ಮೋಸ ಮಾಡಿದ್ರು. ಪ್ರಚಾರಕ್ಕೋಸ್ಕರ ಸುಳ್ಳು ತೂತು ಕೊರೆದು ಹರಿಬಿಟ್ಟಿದ್ರು." ನೋಡನೋಡುತ್ತಾ ಅತ್ತಿಗೆಯ ತುಟಿ ಬಿಗಿಯಾಯಿತು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ಮೊದಲು ನೋಡಿರಲಿಲ್ಲ.

ಅಷ್ಟರಲ್ಲಿ ಗಡುವಣ್ಣ ಟೆಂಪೋ ಸಮೇತ ಬಾಗಿಲಿಗೆ ಬಂದ. ಮುಖ ಸೊಪ್ಪಾಗಿತ್ತು. ಹಿಂದಿನ ಬೀದಿಯ ಮಾಲೆಲ್ಲ ತೂತು. ಅಂಗಡಿಗಳು ಬೈಯುತ್ತಿವೆ. "ತಾಯಿ, ಇರೋದೆಲ್ಲ ಕೊಟ್ಬಿಡಿ. ಮುಂದಿನ ವರ್ಷದ್ದೂ ನಿಮಗೇ, ಬೇರೆ ಕಡೆ ಮುಖ ಹಾಕಲ್ಲ."

"ಕೊಡ್ತೀನಿ" ಎಂದಳು ಅತ್ತಿಗೆ, ಬಾಗಿಲಿಗೆ ಅಡ್ಡವಾಗಿ ನಿಂತು. "ಮೊದಲು ಆ ವಿಡಿಯೋ ಮಹಾನುಭಾವನಿಗೆ ಫೋನ್ ಹಚ್ಚಿ. ನಂಬರು ನಿಮ್ಮ ಅಂಗಡಿಯವನ ಹತ್ರ ಇರತ್ತೆ. ಮೋಸ ಯಾರು ಮಾಡಿದ್ದು ಅಂತ ನಾನೇ ಹೇಳ್ತೀನಿ. ಅದಾಗದೆ ಒಂದು ಕವರೂ ಈ ಹೊಸಿಲು ದಾಟಲ್ಲ."

ಗಡುವಣ್ಣ ಅಣ್ಣನ ಕಡೆ ನೋಡಿದ. ಅಣ್ಣ ಯಂತ್ರ ಒರೆಸುವುದರಲ್ಲಿ ಮುಳುಗಿದಂತೆ ನಟಿಸಿದ. ಬೇರೆ ದಾರಿ ಕಾಣದೆ ಗಡುವಣ್ಣ ಅಲ್ಲಿ ಇಲ್ಲಿ ಕೇಳಿ ನಂಬರು ಹಿಡಿದು ಫೋನು ಹಚ್ಚಿ ಅತ್ತಿಗೆಯ ಕೈಗೆ ಕೊಟ್ಟ. ಎಲ್ಲರಿಗೂ ಕೇಳುವಂತೆ ಅವಳು ಸ್ಪೀಕರಿಗೆ ಹಾಕಿದಳು.

"ನೀವು ತೋರಿಸಿದ ಕವರು ಮಾಡಿದೋಳು ನಾನು" ಎಂದು ಶುರು ಮಾಡಿ, ಮಸುಕು ಚುಕ್ಕೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ಅದು ನಾವು ಕೇಳಿದ ಪ್ರಶ್ನೆ. ಅದನ್ನ ಸಾಕ್ಷಿ ಅಂದೋರು ನೀವು. ಈಗ ನಮ್ಮನ್ನೇ ಮೋಸಗಾರರು ಅಂತೀರಲ್ಲ, ನಾಲಿಗೆ ಹೇಗೆ ಬಂತು? ಆ ವಿಡಿಯೋ ಇವತ್ತೇ ತೆಗೀಬೇಕು."

ಆ ಕಡೆಯಿಂದ ಬೆಣ್ಣೆಯಂಥ ದನಿ ಬಂತು. "ತೆಗೆದ್ಬಿಡ್ತೀನಿ ಅಕ್ಕಾ, ಖಂಡಿತ. ತಪ್ಪಾಯ್ತು. ನೀವೇ ಮಾಡೋದು ಅಂತ ಗೊತ್ತಿರ್ಲಿಲ್ಲ. ಅಂದ ಹಾಗೆ ಅಕ್ಕಾ, ಮುಂದಿನ ವರ್ಷದ್ದು ಏನು ಮಾಡ್ತಿದೀರಿ? ಗಾತ್ರ ಸಣ್ಣದಾಗತ್ತಂತಲ್ಲ? ಒಂದೇ ಒಂದು ಫೋಟೋ…"

ಅತ್ತಿಗೆ ಫೋನನ್ನು ಮುಖದ ಹತ್ತಿರ ತಂದಳು.

"ಬರೀ ಚಾರ್ಜರ್ ತೂತೊಂದು ಇರತ್ತೆ ಕಣಪ್ಪ, ಫೋನೇ ಇರಲ್ಲ. ಹಾಕ್ಕೋ ವಿಡಿಯೋ."

ಫೋನನ್ನು ಗಡುವಣ್ಣನ ಅಂಗೈಗೆ ಬಡಿದು ಕೊಟ್ಟು ಅವಳು ಬಾಗಿಲಿನಿಂದ ಸರಿದು ನಿಂತಳು. ಅಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಅಣ್ಣ ಮೊದಲ ಮೂಟೆಯನ್ನು ಹೆಗಲಿಗೇರಿಸಿ ಟೆಂಪೋ ಕಡೆ ನಡೆದ. ನಾನೂ ಇನ್ನೊಂದರ ಬಾಯಿ ಕಟ್ಟಿ ಅವನ ಹಿಂದೆ ಹೊರಟೆ.