ಹದಿನೈದು ಎಣಿಸುವವರೆಗೆ ಕೈ ತೆಗೆಯಬೇಡಿ

ಮನೆಯಲ್ಲಿ ನೆಟ್ ಕೈಕೊಟ್ಟರೆ ನಾವೆಲ್ಲ ಮಾಡುವ ಚಿಕಿತ್ಸೆ ಒಂದೇ. ವೈಫೈ ಡಬ್ಬಿಯ ಸ್ವಿಚ್ ಆರಿಸುವುದು, ಸ್ವಲ್ಪ ಕಾಯುವುದು, ಮತ್ತೆ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಡಬ್ಬಿಯ ತಲೆಗೆ ಎರಡು ತಟ್ಟುವುದು. ಹತ್ತರಲ್ಲಿ ಎಂಟು ಸಲ ಅಷ್ಟಕ್ಕೇ ಸರಿಹೋಗುತ್ತದೆ, ನಾವೂ ದೊಡ್ಡ ಇಂಜಿನಿಯರ್ ಆದಂತೆ ಬೀಗುತ್ತೇವೆ. ಈ ಕಥೆ ಉಳಿದ ಎರಡು ಸಲದ್ದು.

ಬೀದಿಯ ಕೊನೆಯ ಕಟ್ಟಡದ ಕೆಳಮನೆಯಲ್ಲಿ ಗಡಿಯಾರದ ಮಾವ ಇದ್ದರು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಮೇಜು, ಚಿಮಟ, ಸೂಜಿಗಳನ್ನೆಲ್ಲ ಮನೆಗೇ ತಂದು ಕಿಟಕಿಯ ಪಕ್ಕ ಹಾಕಿಕೊಂಡಿದ್ದರು. ಸೊಸೆ ಮಾವ ಮಾವ ಎನ್ನುವುದನ್ನು ಕೇಳಿ ಕೇಳಿ ಅವರು ಇಡೀ ಬೀದಿಗೇ ಮಾವ ಆಗಿಬಿಟ್ಟಿದ್ದರು. ಮನುಷ್ಯ ಅಪ್ಪಟ ಒಳ್ಳೆಯವರು. ಆದರೆ ಯಂತ್ರದ ವಿಷಯ ಬಂದರೆ ಮಾತ್ರ ಇನ್ನೊಬ್ಬರ ಮಾತು ಅವರ ಕಿವಿಗೆ ಇಳಿಯುತ್ತಿರಲಿಲ್ಲ. ಓಡುತ್ತಿರುವ ವಾಚಿನ ಬೆನ್ನನ್ನು ತಾನು ಯಾವತ್ತೂ ಬಿಚ್ಚಿದವನಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಮಗ ದೂರದ ಊರುಗಳ ಬಸ್ ಓಡಿಸುತ್ತಿದ್ದ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಸೊಸೆಯದು ಮನೆಯಿಂದಲೇ ಕೆಲಸ. ಅವಳು ಕೈಸನ್ನೆ ಭಾಷೆಯ ದುಭಾಷಿ. ಕಿವಿ ಕೇಳಿಸದವರು ಆಸ್ಪತ್ರೆಗೆ ಹೋದಾಗ ಅವಳು ವಿಡಿಯೋದಲ್ಲಿ ಕಾಣಿಸಿಕೊಂಡು ಡಾಕ್ಟರ ಮಾತನ್ನು ಕೈಯಲ್ಲಿ ಹೇಳಬೇಕು, ರೋಗಿಯ ಕೈಮಾತನ್ನು ಬಾಯಲ್ಲಿ ಹೇಳಬೇಕು. ಫೋನಿನ ನೆಟ್‌ವರ್ಕ್ ಆ ಕೆಳಮನೆಯೊಳಗೆ ಬರುತ್ತಲೇ ಇರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ನಿಂತರೆ ಹೇಗೋ ಮಾತಾಡಬಹುದಿತ್ತು, ವಿಡಿಯೋ ಮಾತ್ರ ನಿಂತು ನಿಂತು ಬರುತ್ತಿತ್ತು. ಕೈ ಅರ್ಧಕ್ಕೆ ನಿಂತರೆ ಮಾತೂ ಅರ್ಧಕ್ಕೆ ನಿಂತಂತೆ. ಹಾಗಾಗಿ ಅವಳ ಕೆಲಸವೆಲ್ಲ ಗೋಡೆಯ ಮೇಲಿನ ವೈಫೈ ಡಬ್ಬಿಯನ್ನೇ, ಅಂದರೆ ರೌಟರನ್ನೇ ನಂಬಿತ್ತು.

ಆ ರೌಟರೋ, ಹಿಂದೆ ಬಾಡಿಗೆಗಿದ್ದವರು ಬಿಟ್ಟುಹೋದದ್ದು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬೇಡ ಎನ್ನುತ್ತಾರೆ? ಹೊಸ ಸಂಪರ್ಕ ಕೊಡಲು ಬಂದವನೂ ಆತುರದಲ್ಲಿ ಅದಕ್ಕೇ ತಂತಿ ಸಿಕ್ಕಿಸಿ ಹೋದ. ಮೇಲ್ಮನೆಯ ಏಣಿ ಅಕ್ಕ ಆಗಲೇ ಎಚ್ಚರಿಸಿದ್ದಳು. ಅವಳು ಮನೆ ಮನೆಗೆ ಇಂಟರ್ನೆಟ್ ಲೈನ್ ಎಳೆಯುವವಳು, ಹೆಗಲ ಮೇಲೆ ಏಣಿ ಇಲ್ಲದೆ ಅವಳನ್ನು ಯಾರೂ ಕಂಡಿಲ್ಲ. ಬೇರೆಯವರು ಬಳಸಿದ ರೌಟರನ್ನು ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಬೇಕು, ಅಂದರೆ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿ ನಿಮ್ಮದೇ ಪಾಸ್‌ವರ್ಡ್ ಹಾಕಿಕೊಳ್ಳಬೇಕು ಎಂದಿದ್ದಳು. ಓಡ್ತಾ ಇದೆಯಲ್ಲ ತಾಯಿ, ಸುಮ್ನೆ ಯಾಕೆ ಕೆಣಕೋದು ಎಂದು ಮಾವ ನಕ್ಕು ತಳ್ಳಿಹಾಕಿದ್ದರು.

ಆ ದಿನ ನಾಲ್ಕು ಗಂಟೆಗೆ ಸೊಸೆಗೆ ದೊಡ್ಡ ಕೆಲಸವಿತ್ತು. ಅರ್ಧ ದಿನದ ದಾರಿ ದೂರದ ಆಸ್ಪತ್ರೆಯಲ್ಲಿ ಕಿವಿ ಕೇಳಿಸದ ಬಸುರಿಯೊಬ್ಬಳಿಗೆ ಸೊಂಟದ ಕೆಳಗಷ್ಟೇ ಮರಗಟ್ಟಿಸಿ ಮಾಡುವ ಹೆರಿಗೆಯ ಆಪರೇಷನ್. ಅವಳ ಗಂಡನಿಗೂ ಕಿವಿ ಕೇಳಿಸದು, ಇಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೇ. ಮೊದಲ ಹೆರಿಗೆಯಲ್ಲಿ ಯಾರೂ ಏನೂ ತಿಳಿಸದೆ ಕೈಕಾಲು ಹಿಡಿದು ಮಲಗಿಸಿದ್ದರಂತೆ. ಆ ಹೆದರಿಕೆ ಅವಳಿಗೆ ಇನ್ನೂ ಹೋಗಿರಲಿಲ್ಲ. ಈ ಸಲ ಕೊನೆಯವರೆಗೂ ನಿನ್ನ ಕಣ್ಣೆದುರೇ ಇರುತ್ತೇನೆ ಎಂದು ಸೊಸೆ ಮಾತು ಕೊಟ್ಟಿದ್ದಳು. ಆಪರೇಷನ್ನನ್ನು ನಾಲ್ಕಕ್ಕಿಂತ ಮುಂದೆ ತಳ್ಳುವ ಹಾಗಿಲ್ಲ, ಬೇರೆ ದುಭಾಷಿ ಸಿಗುವ ಹಾಗಿಲ್ಲ ಎಂದು ಡಾಕ್ಟರ್ ಬೆಳಿಗ್ಗೆಯೇ ತಿಳಿಸಿದ್ದರು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಸೊಸೆ ಒಳಗಿನಿಂದ ಕರೆದಳು. ದನಿ ಎಂದಿನಂತಿರಲಿಲ್ಲ. ಮಾವ ಹೋಗಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಆಸ್ಪತ್ರೆಯ ಪುಟ ಬರಬೇಕಾದ ಜಾಗದಲ್ಲಿ ಕೆಂಪು ಗುರುತಿನ ಎಚ್ಚರಿಕೆ. ಈ ಪುಟ ಸುರಕ್ಷಿತವಲ್ಲ ಎಂದಿತ್ತು. ಮಾವನ ಫೋನಿನಲ್ಲಿ ತೆರೆದರೂ ಅದೇ. ನಾಲ್ಕೈದು ದಿನದಿಂದ ತಮ್ಮ ಫೋನಿನಲ್ಲೂ ಏನೋ ಬಹುಮಾನ ಬಂದಿದೆ ಎನ್ನುವ ಪುಟಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು ಎಂದು ಮಾವನಿಗೆ ಆಗ ನೆನಪಾಯಿತು. ಮುಚ್ಚಿ ಮುಚ್ಚಿ ಸುಮ್ಮನಾಗಿದ್ದರು, ಯಾರಿಗೂ ಹೇಳಿರಲಿಲ್ಲ.

ಸೊಸೆ ಮೆಟ್ಟಿಲಿಗೆ ಓಡಿ ಏಣಿ ಅಕ್ಕನಿಗೆ ಫೋನ್ ಹಚ್ಚಿದಳು. ಅಷ್ಟರಲ್ಲಿ ಮಾವ ತಮ್ಮ ಸೂಜಿಗಳಲ್ಲೇ ಸಣ್ಣದನ್ನು ಆರಿಸಿ ತಂದರು. ರೌಟರಿನ ಬೆನ್ನಿನಲ್ಲಿ ಒಂದು ಪುಟ್ಟ ತೂತು ಇದೆ, ರೀಸೆಟ್ ಅಲ್ಲೇ ಎಂದು ಅಕ್ಕ ಹಿಂದೊಮ್ಮೆ ತೋರಿಸಿದ್ದಳು. ವಾಚಿನ ಕೂದಲೆಳೆಯ ಸ್ಪ್ರಿಂಗ್ ಮುಟ್ಟಿದ ಕೈ ಅದು. ಒಂದಿಷ್ಟು ಹೆಚ್ಚು ಒತ್ತಿದರೆ ವಾಚು ಹಾಳು ಎಂದು ನಲವತ್ತು ವರ್ಷ ಕಲಿತ ಕೈ. ಸೂಜಿ ತಾಗಿಸಿದರು, ತಾಗಿತು ಎನ್ನುವಷ್ಟರಲ್ಲಿ ತೆಗೆದರು. ದೀಪಗಳು ಆರಿ ಮತ್ತೆ ಹತ್ತಿದವು. ರೀಸೆಟ್ ಅಂದರೆ ಇಷ್ಟೇ ಎಂದು ಮಾವ ಸೂಜಿ ಒರೆಸಿಕೊಂಡರು.

ಐದು ನಿಮಿಷ ಕಾದು ಪುಟ ತೆರೆದರೆ ಅದೇ ಎಚ್ಚರಿಕೆ ಕಣ್ಣಿಗೆ ರಾಚಿತು. ಗಂಟೆ ಮೂರು ದಾಟಿತ್ತು. ಎಚ್ಚರಿಕೆಯ ಕೆಳಗೆ ಸಣ್ಣಕ್ಷರದಲ್ಲಿ, ಆದರೂ ಮುಂದುವರಿಯಿರಿ ಎಂದು ಬರೆದಿತ್ತು. ಅದನ್ನೇ ಒತ್ತಿಬಿಡು, ಇವತ್ತು ಒಂದು ದಿನ ದಾಟಲಿ ಎಂದು ಮಾವನೇ ಹೇಳಿದರು. ಸೊಸೆ ಬೆರಳು ಮುಂದಿಟ್ಟಳು.

"ಒತ್ತಬೇಡ ಕಣೇ," ಎಂದು ಬಾಗಿಲಲ್ಲಿ ದನಿ ಕೇಳಿತು. ಏಣಿ ಅಕ್ಕ ಏಣಿಯನ್ನು ಗೋಡೆಗೆ ಒರಗಿಸಿ ಏದುಸಿರು ಬಿಡುತ್ತಲೇ ಒಳಗೆ ಬಂದಳು.

ಅವಳು ಮೊದಲು ಸೊಸೆಯ ಫೋನನ್ನು ಮೆಟ್ಟಿಲಿಗೆ ಒಯ್ದು, ವೈಫೈ ಆರಿಸಿ, ಫೋನಿನ ಸ್ವಂತ ನೆಟ್ಟಿನಲ್ಲಿ ಅದೇ ಪುಟ ತೆರೆದಳು. ತೆವಳುತ್ತಾ ಬಂತು, ಆದರೆ ಎಚ್ಚರಿಕೆ ಇಲ್ಲದೆ ಬಂತು. ಹೊರಗಿನ ನೆಟ್ಟಿನಲ್ಲಿ ಸರಿಯಿದ್ದು ಮನೆಯ ವೈಫೈಯಲ್ಲಿ ಮಾತ್ರ ಲ್ಯಾಪ್‌ಟಾಪು, ಫೋನು ಎರಡರಲ್ಲೂ ಕೆಟ್ಟಿದೆ ಎಂದರೆ ರೋಗ ರೌಟರಿಗೇ ಹತ್ತಿದೆ ಎಂದಳು. ಯಾರೋ ಅದರ ಒಳಗೆ ಹೊಕ್ಕು ದಾರಿ ತಿರುಗಿಸಿಟ್ಟಿದ್ದಾರೆ, ಆಸ್ಪತ್ರೆ ಎಂದು ಬರೆದರೆ ಬೇರೆಲ್ಲಿಗೋ ಕರೆದೊಯ್ಯುತ್ತಿದೆ ಎಂದು ಬಿಡಿಸಿ ಹೇಳಿದಳು.

ಮಾವ ಒಪ್ಪಲಿಲ್ಲ. ಹಿಂದಿನ ಬಾಡಿಗೆಯವರು ಮರ್ಯಾದಸ್ಥರು ಎಂದು ವಾದಕ್ಕಿಳಿದರು.

"ಅವರು ಕಳ್ಳರು ಅಂತ ನಾನೆಲ್ಲಿ ಅಂದೆ ಮಾವ? ಡಬ್ಬಿ ಹುಟ್ಟುವಾಗ ಇದ್ದ ಪಾಸ್‌ವರ್ಡನ್ನ ಅವರೂ ಬದಲಾಯಿಸಿಲ್ಲ, ನೀವೂ ಬದಲಾಯಿಸಿಲ್ಲ. ಅಂಥ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿರುತ್ತೆ. ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ಈಗ ಇವಳು ಅದನ್ನ ಒತ್ತಿ ಒಳಗೆ ಹೋದ್ರೆ, ಇವಳ ಪಾಸ್‌ವರ್ಡೂ ಹೋಯ್ತು, ಆ ಹೆಣ್ಣುಮಗಳ ಗುಟ್ಟೂ ಹೋಯ್ತು."

"ನಾನು ಆಗಲೇ ರೀಸೆಟ್ ಮಾಡಿದೆನಲ್ಲ."

"ಎಷ್ಟು ಹೊತ್ತು ಒತ್ತಿದ್ರಿ?"

ಮಾವ ಬೆರಳಲ್ಲೇ ತೋರಿಸಿದರು. ಅಕ್ಕನಿಗೆ ಅಂಥ ಹೊತ್ತಲ್ಲೂ ನಗು ಬಂತು. ಅಷ್ಟು ಮೆಲ್ಲಗೆ ಮುಟ್ಟಿದರೆ ಡಬ್ಬಿ ಒಂದು ಸಲ ಮಲಗಿ ಎದ್ದೀತು ಅಷ್ಟೇ, ಒಳಗಿದ್ದದ್ದು ಒಳಗೇ ಇರುತ್ತದೆ ಎಂದಳು. ಕರೆಂಟು ಇರುವಾಗಲೇ ಸೂಜಿಯನ್ನು ಒತ್ತಿ ಹಿಡಿದು ಹದಿನೈದರವರೆಗೆ ಎಣಿಸಬೇಕು. ಆದರೆ ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ ಎಂದು ಕೈಚಾಚಿ ನಿಂತಳು. ಸಂಪರ್ಕ ಕೊಟ್ಟ ದಿನ ಕಂಪನಿಯವರು ಒಂದು ಕಾಗದ ಬರೆದುಕೊಟ್ಟಿರುತ್ತಾರೆ, ಅದರಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುತ್ತದೆ. ರೀಸೆಟ್ ಆದರೆ ರೌಟರ್ ಅದನ್ನೂ ಮರೆತುಬಿಡುತ್ತದೆ, ಕಾಗದ ಇಲ್ಲದೆ ಒತ್ತಿದರೆ ಇದ್ದ ನೆಟ್ಟೂ ಹೋಗುತ್ತದೆ.

ಸೊಸೆ ಫೈಲು ತಡಕಿದಳು, ಇಲ್ಲ. ಕಪಾಟು, ಇಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಾ ಕಾಯಿಸಿತು. ಗಂಟೆ ಮೂರೂ ಇಪ್ಪತ್ತು. ಸೊಸೆಯ ಕಣ್ಣು ತುಂಬಿ ಬಂತು, ಆದರೂ ಅವಳು ಮಾವನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವರಿಗೆ. ತಲೆ ತಗ್ಗಿಸಿದರು, ತಗ್ಗಿಸಿದವರ ಕಣ್ಣು ತಮ್ಮ ರಿಪೇರಿ ಮೇಜಿನ ಕಾಲಿಗೆ ಬಿತ್ತು. ಮೇಜು ಅಲುಗಾಡಿದರೆ ವಾಚಿನ ಕೆಲಸ ಆಗುವುದಿಲ್ಲ ಎಂದು ಒಂದು ದಪ್ಪ ಕಾಗದವನ್ನು ಎಂಟು ಮಡಿಕೆ ಮಾಡಿ ಅವರೇ ಕಾಲಿನ ಕೆಳಗೆ ತುರುಕಿದ್ದರು. ಒಳ್ಳೆಯ ಕಾಗದ ಎಂದೇ ಆರಿಸಿಕೊಂಡಿದ್ದರು. ಮೂವರೂ ಸೇರಿ ಮೇಜು ಎತ್ತಿದರು. ಸ್ಕ್ರೂಗಳೆಲ್ಲ ನೆಲಕ್ಕೆ ಚೆಲ್ಲಿದವು, ಮಾವ ತಿರುಗಿಯೂ ನೋಡಲಿಲ್ಲ.

ಕಾಗದ ಸಿಕ್ಕಿತು. ಏಣಿ ಅಕ್ಕ ಸೂಜಿಯನ್ನು ಮಾವನ ಕೈಗೇ ಕೊಟ್ಟಳು.

"ನೀವೇ ಒತ್ತಿ ಮಾವ. ಇದು ವಾಚಲ್ಲ, ಹೆದರಬೇಡಿ. ನಾನು ಹದಿನೈದು ಅನ್ನೋವರೆಗೆ ಕೈ ತೆಗೀಬೇಡಿ."

ಮೂರು ಎನ್ನುವಾಗಲೇ ಅವರ ಬೆರಳು ಮೇಲೇಳಲು ನೋಡಿತು. ಏಳಕ್ಕೆ ಇನ್ನೊಂದು ಕೈಯಿಂದ ಆ ಕೈಯನ್ನೇ ಅದುಮಿ ಹಿಡಿದರು. ಹನ್ನೊಂದಕ್ಕೆ ದೀಪಗಳೆಲ್ಲ ಒಟ್ಟಿಗೆ ಮಿಣುಕಿ ಆರಿಹೋದವು, ಸುಟ್ಟೇಹೋಯಿತು ಎಂದುಕೊಂಡರು ಮಾವ. ಅಕ್ಕ ಎಣಿಸುತ್ತಲೇ ಇದ್ದಳು. ಹದಿನೈದಕ್ಕೆ ಕೈ ತೆಗೆದಾಗ ಡಬ್ಬಿಯಲ್ಲಿ ಒಂದು ದೀಪವೂ ಇರಲಿಲ್ಲ. ಈಗ ಯಾರೂ ಸ್ವಿಚ್ ಮುಟ್ಟಬೇಡಿ, ಅದು ತಾನಾಗಿ ಏಳಬೇಕು ಎಂದಳು. ಅದು ಏಳಲು ನಾಲ್ಕು ನಿಮಿಷ ಹಿಡಿಯಿತು.

ದೀಪಗಳು ಒಂದೊಂದಾಗಿ ಬಂದವು. ರೌಟರಿನ ತಳದ ಚೀಟಿಯಲ್ಲಿದ್ದ ವೈಫೈ ಹೆಸರಿಗೆ ಸೇರಿ, ಅಲ್ಲೇ ಬರೆದಿದ್ದ ವಿಳಾಸಕ್ಕೆ ಹೋಗಿ, ಅಕ್ಕ ಮೊದಲು ಸೆಟ್ಟಿಂಗಿನ ಪಾಸ್‌ವರ್ಡನ್ನೇ ಬದಲಾಯಿಸಿದಳು. ರೀಸೆಟ್ ಮಾಡಿ ಇದನ್ನು ಹಾಗೇ ಬಿಟ್ಟರೆ ಕಳ್ಳ ಮತ್ತೆ ಅದೇ ದಾರಿಯಲ್ಲಿ ಬರುತ್ತಾನೆ ಎಂದಳು. ಆಮೇಲೆ ಕಾಗದ ಬಿಡಿಸಿ ಕಂಪನಿ ಕೊಟ್ಟ ಬಳಕೆದಾರರ ಹೆಸರು, ಪಾಸ್‌ವರ್ಡ್ ಹೊಡೆದಳು. ತಪ್ಪು ಎಂದಿತು. ಮತ್ತೆ ಹೊಡೆದಳು, ಮತ್ತೆ ತಪ್ಪು. ಮೇಜಿನ ಕಾಲು ಉಜ್ಜಿ ಉಜ್ಜಿ ಕೊನೆಯ ಅಂಕಿ ಅಳಿಸಿಹೋಗಿತ್ತು. ಒಂದು ಇರಬೇಕು ಎಂದು ಸೊಸೆ, ನಾಲ್ಕು ಇದ್ದೀತು ಎಂದು ಅಕ್ಕ. ಗಂಟೆ ಮೂರೂ ಮುಕ್ಕಾಲು.

"ಇಲ್ಲಿ ಕೊಡಿ," ಎಂದರು ಮಾವ.

ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಶಾಯಿ ಹೋಗಿತ್ತು, ಪೆನ್ನು ಒತ್ತಿದ ಗೆರೆ ಹೋಗಿರಲಿಲ್ಲ. ಅವರು ಉಸಿರು ಹಿಡಿದು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಏಳು, ನಡುವೆ ಒಂದು ಅಡ್ಡಗೆರೆ ಇದೆ, ನೋಡಿ ಹೊಡೆಯಮ್ಮ ಎಂದರು. ಅಕ್ಕ ಹೊಡೆದಳು. ಕೆಂಪಗಿದ್ದ ದೀಪ ಹಸಿರಾಯಿತು.

ಅಕ್ಕ ಇಟ್ಟುಕೊಟ್ಟ ಹೊಸ ವೈಫೈ ಪಾಸ್‌ವರ್ಡ್ ಹಾಕಿ ಸೊಸೆ ಆಸ್ಪತ್ರೆಯ ಪುಟ ತೆರೆದಾಗ ನಾಲ್ಕಕ್ಕೆ ಆರು ನಿಮಿಷವಿತ್ತು. ಎಚ್ಚರಿಕೆ ಇರಲಿಲ್ಲ. ಹಸಿರು ಬಟ್ಟೆ ಹಾಸಿದ ಮಂಚದ ಮೇಲೆ ಆ ಹೆಣ್ಣುಮಗಳು ಕಂಡಳು. ತೆರೆಯ ಮೇಲೆ ಸೊಸೆಯ ಮುಖ ಕಂಡ ಕೂಡಲೇ ಅವಳ ಹೆಗಲು ಸಡಿಲವಾದದ್ದು ಬಾಗಿಲಲ್ಲಿ ನಿಂತಿದ್ದ ಮಾವನಿಗೂ ಕಾಣಿಸಿತು. ಡಾಕ್ಟರ್ ಹೇಳಿದರು, ಸೊಸೆಯ ಕೈ ಹೇಳಿತು. ಅವಳು ಕೈಯಲ್ಲಿ ಕೇಳಿದಳು, ಸೊಸೆಯ ಬಾಯಿ ಕೇಳಿತು. ಎಲ್ಲ ತಿಳಿದ ಮೇಲೆ ಅವಳು ಸರಿ ಎಂದು ತಲೆಯಾಡಿಸಿದಳು.

ಮಾವ ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ನಿಂತರು. ಹೆಂಗಸರ ವಿಷಯ, ಕೇಳಬಾರದು. ಎಷ್ಟೋ ಹೊತ್ತಿನ ಮೇಲೆ ಬಾಗಿಲಾಚೆಯಿಂದ ಕೂಸಿನ ಅಳು ಕೇಳಿಸಿತು. ಈ ಅಳು ತನಗೆ ಕೇಳಿಸಿತು, ಪಕ್ಕದಲ್ಲಿ ನಿಂತ ಅಕ್ಕನಿಗೂ ಕೇಳಿಸಿತು, ಹೆತ್ತವರಿಬ್ಬರಿಗೇ ಕೇಳಿಸದು ಎಂದು ಅವರಿಗೆ ಹೊಳೆದದ್ದು ಆಗಲೇ. ತಡೆಯಲಾಗದೆ ಬಾಗಿಲ ಸಂದಿಯಿಂದ ನೋಡಿದರು. ತೆರೆಯತ್ತ ತಿರುಗಿ ಕೂತಿದ್ದ ಸೊಸೆಯ ಎರಡೂ ಕೈ ಮೇಲೆದ್ದಿದ್ದವು. ಅಳುತ್ತಿದೆ, ಜೋರಾಗಿ ಅಳುತ್ತಿದೆ, ಇನ್ನೂ ಅಳುತ್ತಿದೆ ಎಂದು ಆ ಕೈಗಳು ನಿಲ್ಲದೆ ಹೇಳುತ್ತಿದ್ದವು. ಮಾವ ಗೋಡೆಗೆ ಒರಗಿ ಅತ್ತುಬಿಟ್ಟರು.

"ನೀನು ಅವತ್ತೇ ಹೇಳಿದ್ದೆ ತಾಯಿ. ನಾನು ಕೇಳಲಿಲ್ಲ," ಎಂದು ಏಣಿ ಅಕ್ಕನಿಗೆ ಹೇಳಿದರು.

ಅಂದೇ ಸಂಜೆ ಸೊಸೆ ಆಸ್ಪತ್ರೆಯ ಪುಟದ ಪಾಸ್‌ವರ್ಡನ್ನೂ ತನ್ನ ಬೇರೆ ಪಾಸ್‌ವರ್ಡುಗಳನ್ನೂ ಬದಲಾಯಿಸಿದಳು. ಮಾವ ಕಂಪನಿಯ ಕಾಗದವನ್ನು ದುಂಡಗೆ ನಕಲು ಮಾಡಿ ಕಪಾಟಿನಲ್ಲಿಟ್ಟರು. ಮೇಜಿನ ಕಾಲಿಗೆ ಒಂದು ಮರದ ತುಂಡು ಸಿಕ್ಕಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗೋಡೆಯ ಮೇಲಿನ ರೌಟರ್ ಯಾರು ಬಳಸಿ ಬಿಟ್ಟದ್ದು? ಅದರ ಸೆಟ್ಟಿಂಗಿನ ಪಾಸ್‌ವರ್ಡ್ ನೀವು ಹಾಕಿದ್ದೋ, ಡಬ್ಬಿಯ ಜೊತೆ ಬಂದದ್ದೋ? ಗೊತ್ತಿಲ್ಲ ಎಂದಾದರೆ ಇವತ್ತೇ ಕಂಪನಿಯ ಕಾಗದ ಹುಡುಕಿ, ಸಿಗದಿದ್ದರೆ ಅವರಿಗೆ ಫೋನ್ ಮಾಡಿ ವಿವರ ಬರೆದುಕೊಳ್ಳಿ. ರೌಟರ್ ಕಂಪನಿಯದ್ದೇ ಆಗಿದ್ದರೆ ಅವರನ್ನು ಕೇಳಿಯೇ ಮುಂದುವರಿಯಿರಿ. ಆಮೇಲೆ ಸೂಜಿ ಒತ್ತಿ ಹಿಡಿಯಿರಿ, ಹದಿನೈದು ಎಣಿಸಿ, ತಾನಾಗಿ ಏಳುವವರೆಗೆ ತಾಳಿ, ಎದ್ದ ಕೂಡಲೇ ನಿಮ್ಮದೇ ಪಾಸ್‌ವರ್ಡ್ ಹಾಕಿ, ಕಂಪನಿಯ ವಿವರ ತುಂಬಿ. ನಿಮ್ಮ ಹಳೆಯ ರೌಟರನ್ನು ಇನ್ನೊಬ್ಬರಿಗೆ ಕೊಡುವಾಗಲೂ ಹೀಗೆಯೇ ಅಳಿಸಿ ಕೊಡಿ. ಬಿಡುವಿದ್ದಾಗ ಮಾಡಿದರೆ ಇದು ಅರ್ಧ ಗಂಟೆಯ ಕೆಲಸ. ನಿಮ್ಮನ್ನೇ ನಂಬಿ ಯಾರೋ ಒಬ್ಬರು ತೆರೆಯಾಚೆ ಕಾಯುತ್ತಿರುವಾಗ ಆ ಅರ್ಧ ಗಂಟೆ ನಿಮಗೆ ಸಿಗುತ್ತದೆಂಬ ಭರವಸೆ ಇಲ್ಲ. ಈಗಲೇ ಎದ್ದು ನೋಡಿ.