ಎಡ ಹುಬ್ಬಿನ ಮೇಲಿನ ಕಲೆ

ನಮ್ಮಣ್ಣನನ್ನು ವಾಪಸು ತಂದುಕೊಡುತ್ತೇವೆ ಎಂದು ಸರ್ಕಾರದವರು ಫೋನು ಮಾಡಿದಾಗ ನಾನು ಗಿರಾಕಿಯೊಬ್ಬರ ಅರ್ಧ ಮೀಸೆ ಹಾರಿಸಿಬಿಟ್ಟೆ. ಒಳ್ಳೆಯ ಮನುಷ್ಯರು, ಇನ್ನರ್ಧವನ್ನೂ ತೆಗೆದುಬಿಡಮ್ಮ ಎಂದು ಸುಮ್ಮನೆ ಕೂತರು. ಅಪ್ಪ ಫೋನು ಕೆಳಗಿಟ್ಟು, ಅದೇ ಬಟ್ಟೆಯಿಂದ ಅದೇ ಬಾಚಣಿಗೆಯನ್ನು ಒರೆಸಿದ್ದೇ ಒರೆಸಿದ್ದು.

ನಮ್ಮದು ಕ್ಷೌರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎರಡು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಒಂದೇ ಕನ್ನಡಿ. ಮೊದಲ ಕುರ್ಚಿ ಅಪ್ಪನದು, ಎರಡನೆಯದು ಅಣ್ಣನದಾಗಿತ್ತು. ಅವನನ್ನು ಕರೆದುಕೊಂಡು ಹೋದ ಮೇಲೆ ಆ ಕುರ್ಚಿಗೆ ನಾನು ನಿಂತೆ. ಹೆಂಗಸಿನ ಕೈಯಲ್ಲಿ ಗಡ್ಡ ಕೆರೆಸಿಕೊಳ್ಳುವುದೇ ಎಂದು ಮೂಗು ಮುರಿದವರಿಗೆ, "ಅಲ್ಲಾಡಬೇಡಿ, ಮುರಿಯೋದಕ್ಕೆ ಮೂಗೇ ಉಳಿಯಲ್ಲ" ಎನ್ನುತ್ತಿದ್ದೆ. ನನ್ನ ಬಾಯಿ ಅಂಥದ್ದು. ಅದಕ್ಕೇ ಅಣ್ಣ ನನ್ನನ್ನು ಕತ್ತರಿ ಎಂದು ಕರೆಯುತ್ತಿದ್ದ. ಹೊರಗಿನವರ ಮುಂದಲ್ಲ, ಹಿಂದಿನ ಕೋಣೆಯಲ್ಲಿ ನಾವು ನಾವೇ ಇದ್ದಾಗ ಮಾತ್ರ.

ಅಂಗಡಿಯಲ್ಲಿ ನಾವು ಒಬ್ಬರನ್ನೊಬ್ಬರು ನೇರವಾಗಿ ನೋಡುವುದು ಕಡಿಮೆ. ಕೈ ಗಿರಾಕಿಯ ತಲೆಯ ಮೇಲೆ, ಕಣ್ಣು ಕನ್ನಡಿಯೊಳಗೆ. ಜಗಳವನ್ನೂ ಕನ್ನಡಿಯಲ್ಲೇ ಆಡುತ್ತೇವೆ. ಫೋಟೋ ತೆಗೆಯುವುದೂ ಹಾಗೆಯೇ. ಹಿಂದೆ ಸರಿಯಲು ಜಾಗವಿಲ್ಲ, ಆದ್ದರಿಂದ ಫೋನನ್ನು ಕನ್ನಡಿಯ ಕಡೆಗೆ ಹಿಡಿದು ಒತ್ತುತ್ತೇವೆ, ಎಲ್ಲರೂ ಫೋಟೋದಲ್ಲಿ ಬರುತ್ತಾರೆ. ಅಣ್ಣನ ಮುಖ ಸ್ಪಷ್ಟವಾಗಿ ಕಾಣುವ ಒಂದೇ ಒಂದು ಫೋಟೋ ನಮ್ಮಲ್ಲಿದ್ದದ್ದು ಹಾಗೆ ತೆಗೆದದ್ದು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು.

ಅವನು ಮಾಡಿದ ತಪ್ಪೇನು? ಮುಷ್ಕರಕ್ಕೆ ಕೂತ ಗಿರಣಿಯವರು ನಮ್ಮ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದರು, ಅವನು ಬೇಡ ಎನ್ನಲಿಲ್ಲ. ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಸಾಹೇಬರಿಗೆ ಶೇವಿಂಗ್ ಆಗಬೇಕು, ಪೆಟ್ಟಿಗೆ ತಗೊಂಡು ಬಾ ಎಂದರು. ಪೆಟ್ಟಿಗೆ ಹಿಡಿದು ಹೋದವನು ಬರಲೇ ಇಲ್ಲ. ಠಾಣೆಯವರು ಜೀಪನ್ನೇ ಕಳಿಸಿಲ್ಲ ಎಂದರು. ಕೋರ್ಟು, ಅವರು ಒಯ್ದೇ ಇಲ್ಲ ಎಂದ ಮೇಲೆ ಕೊಡಿ ಎಂದು ಹೇಗೆ ಹೇಳುವುದು ಎಂದು ಕೈ ತೊಳೆದುಕೊಂಡಿತು.

ಆಗ ಕೈ ಹಿಡಿದವರು ವಕೀಲಮ್ಮ. ದೂರದ ದೇಶವೊಂದರಲ್ಲಿ ಒಂದು ಸಮಿತಿಯಿದೆ, ಯಾರನ್ನೂ ಹೀಗೆ ಮಾಯ ಮಾಡುವುದಿಲ್ಲ ಎಂದು ನಮ್ಮ ಸರ್ಕಾರವೂ ಅಲ್ಲಿ ರುಜು ಹಾಕಿದೆ, ಅಲ್ಲಿಗೆ ದೂರು ಕೊಡೋಣ ಎಂದರು.

"ಅವರ ಹತ್ರ ಪೊಲೀಸ್ ಇದಾರಾ?" ಎಂದು ಕೇಳಿದೆ.

"ಇಲ್ಲ."

"ಬೀಗ, ಬೇಡಿ, ಏನಾದ್ರೂ?"

"ಏನೂ ಇಲ್ಲ. ಕೇಳ್ತಾರೆ. ಮತ್ತೆ ಕೇಳ್ತಾರೆ. ಉತ್ತರ ಕೊಡದಿದ್ರೆ ಎಲ್ಲಾ ದೇಶಗಳ ಮುಂದೆ ಓದಿ ಹೇಳ್ತಾರೆ, ಇವರು ಮಾತು ಉಳಿಸ್ಕೊಳ್ಳಲಿಲ್ಲ ಅಂತ."

"ನಾಚಿಕೆ ಇರೋರಿಗಾದ್ರೆ ಸರಿ" ಎಂದೆ. ಅಪ್ಪ ಕನ್ನಡಿಯೊಳಗಿಂದ ನನ್ನನ್ನು ಗದರಿಸಿದರು.

ದೂರಿಗೆ ಗುರುತು ಬೇಕಿತ್ತು. ಅಣ್ಣನ ಹುಬ್ಬಿನ ಮೇಲೆ ಒಂದು ಕಲೆ. ಚಿಕ್ಕವನಿದ್ದಾಗ ಅಪ್ಪನ ಕುರ್ಚಿಯ ಮೇಲೆ ಗಿರಗಿರನೆ ಸುತ್ತಲು ಹೋಗಿ ಬಿದ್ದು ಆದದ್ದು. ವಕೀಲಮ್ಮ ಫೋಟೋ ನೋಡಿ "ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ" ಎಂದು ಬರೆದರು, ಫೋಟೋದ ಒಂದು ಪ್ರತಿ ತೆಗೆಸಿ ಅವನ ಮುಖವನ್ನಷ್ಟೇ ಕತ್ತರಿಸಿ ಅಂಟಿಸಿದರು. ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಜೀವಮಾನವಿಡೀ ಕನ್ನಡಿಯಲ್ಲಿ ನೋಡಿದ ಮುಖ ಕನ್ನಡಿಯಲ್ಲಿದ್ದಂತೆಯೇ ಇತ್ತು.

ವರ್ಷಗಳು ಕಳೆದವು. ಸಮಿತಿ ಕೇಳಿತು, ಮತ್ತೆ ಕೇಳಿತು. ಕೊನೆಗೆ, ಇವನನ್ನು ಒಯ್ದದ್ದು ನೀವೇ, ಹುಡುಕಿ ಮನೆಯವರಿಗೆ ಒಪ್ಪಿಸಿ ಎಂದು ತೀರ್ಮಾನ ಕೊಟ್ಟಿತು. ಸರ್ಕಾರಕ್ಕೂ ಆಗ ಹೊರದೇಶಗಳ ಜೊತೆ ಏನೋ ದೊಡ್ಡ ಒಪ್ಪಂದ ಆಗಬೇಕಿತ್ತು, ಮುಖದ ಮಸಿ ಒರೆಸಿಕೊಳ್ಳುವ ಅವಸರವಿತ್ತು. ಅದಕ್ಕೇ ಆ ಫೋನು.

ಬೆಳಿಗ್ಗೆ ವ್ಯಾನು ಬಂತು. ಒಬ್ಬ ಅಧಿಕಾರಿ ಇಳಿದ. ಮದುವೆಗೆ ಕರೆಯಲು ಬಂದವನಂತೆ ಮುಖದ ತುಂಬ ನಗು. ಅವನ ಹಿಂದೆ ತಲೆ ಬೋಳಿಸಿದ, ಗಡ್ಡ ಬಿಟ್ಟ, ಬೆನ್ನು ಬಾಗಿದ ಒಬ್ಬ ಗಂಡಸು. ಎತ್ತರ ಅಣ್ಣನದೇ. ಹುಬ್ಬಿನ ಮೇಲೆ ಕಲೆ. ನನ್ನ ಕಣ್ಣು ತುಂಬಿ ಬಂದು ಮುಂದಿನದು ಮಸುಕಾಯಿತು. ಓಡಿ ಹೋಗಿ ಕೈ ಹಿಡಿದೆ.

"ತಂಗಿ" ಎಂದ.

ನಮ್ಮಣ್ಣ ನನ್ನನ್ನು ಒಂದು ದಿನವೂ ತಂಗಿ ಎಂದವನಲ್ಲ. ಇಷ್ಟು ವರ್ಷ ಎಲ್ಲೆಲ್ಲೋ ಇದ್ದು ಬಂದವನು, ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅಧಿಕಾರಿ ಮೊಹರು ಒತ್ತಿದ ಕಾಗದ ಅಪ್ಪನ ಕೈಗಿತ್ತ. ಇವನು ನಿಮ್ಮ ಮಗನೆಂದು ಸರ್ಕಾರ ಪರಿಶೀಲಿಸಿ ದೃಢಪಡಿಸಿದೆ, ದೂರದ ಊರಿನಲ್ಲಿ ನೆನಪು ಕಳೆದುಕೊಂಡು ಅಲೆಯುತ್ತಿದ್ದ ಎಂದು ಬರೆದಿತ್ತು.

"ಮಧ್ಯಾಹ್ನ ಸಮಿತಿಯವರು ಬರ್ತಾರೆ, ಕಣ್ಣಾರೆ ನೋಡೋಕೆ. ಅವರ ಮುಂದೆ ಒಂದು ರುಜು ಹಾಕಿಬಿಡಿ ಯಜಮಾನ್ರೇ. ಮಗ ಬಂದ, ಕೇಸು ಮುಗೀತು" ಎಂದು ಹೊರಗಿನ ಬೆಂಚಿನ ಮೇಲೆ ಕೂತ.

ಯಾರೇ ಒಳಗೆ ಬಂದರೂ ಅಪ್ಪ ಮಾಡುವುದು ಒಂದೇ ಕೆಲಸ. ಟವೆಲ್ ಒದರಿ ಕುರ್ಚಿ ತೋರಿಸಿದರು. ಅವನು ಕೂತ. ಅಪ್ಪ ಹಿಂದೆ ನಿಂತು ಕನ್ನಡಿ ನೋಡಿದರು. ನೊರೆ ಎದ್ದ ಬ್ರಷ್ ಅವರ ಕೈಯಲ್ಲಿ ಅಲ್ಲೇ ನಿಂತುಬಿಟ್ಟಿತು.

ಕನ್ನಡಿಯಲ್ಲಿ ಕಲೆ ಆ ಬದಿಗಿತ್ತು. ಬಾಗಿಲ ಕಡೆಗಿರಬೇಕಾದದ್ದು ಗೋಡೆಯ ಕಡೆಗಿತ್ತು. ನಾನು ಗೋಡೆಯ ಮೇಲಿನ ಫೋಟೋ ನೋಡಿದೆ, ಕನ್ನಡಿ ನೋಡಿದೆ, ಮತ್ತೆ ಫೋಟೋ ನೋಡಿದೆ. ಅಣ್ಣನ ಗಾಯ ಬಲ ಹುಬ್ಬಿನ ಮೇಲಿತ್ತು. ಕನ್ನಡಿಯಲ್ಲಿ ತೆಗೆದ ಫೋಟೋದಲ್ಲಿ, ಅದು ಗೊತ್ತಿಲ್ಲದವರ ಕಣ್ಣಿಗೆ ಎಡ ಹುಬ್ಬು. ಈ ಮನುಷ್ಯನಿಗೆ ನಿಜವಾಗಿಯೇ ಎಡ ಹುಬ್ಬಿನ ಮೇಲಿದೆ. ಅಪ್ಪ ಹೆಬ್ಬೆರಳಿನಿಂದ ಅದನ್ನು ಸವರಿದರು. ಎಷ್ಟೋ ಸಾವಿರ ಮುಖ ಮುಟ್ಟಿದ ಬೆರಳು ಅದು.

"ಇದು ಹಳೇದಲ್ಲ" ಎಂದರು, ತುಟಿ ಅಲುಗದಂತೆ.

ನಮ್ಮ ದೂರನ್ನು ಓದಿ, ನಾವು ಅಂಟಿಸಿದ ಫೋಟೋ ನೋಡಿ, ಒಬ್ಬ ಮನುಷ್ಯನ ಹುಬ್ಬು ಕೊಯ್ದಿದ್ದರು. ನ್ಯಾಯ ಕೇಳಲೆಂದು ನಾವು ಬರೆದ ಸಾಲು ಇವನ ಮುಖದ ಮೇಲಿತ್ತು.

ಅಪ್ಪ ಅವನ ಬಾಯಿಯ ಸುತ್ತ ದಪ್ಪಗೆ ನೊರೆ ಹಚ್ಚಿದರು, ಹೊರಗಿನವನಿಗೆ ತುಟಿ ಕಾಣದ ಹಾಗೆ.

"ಯಾರಪ್ಪಾ ನೀನು?"

"ದಮ್ಮಯ್ಯ, ಅಲ್ಲ ಅನ್ನಬೇಡಿ. ಅಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗ್ತಾರೆ." ನೊರೆಯೊಳಗಿಂದ ಮಾತು ಮೆಲ್ಲಗೆ ಬಂತು. "ನನ್ನನ್ನೂ ಹೀಗೇ ಹಿಡಿದಿದ್ದು. ನನ್ನ ತಾಯಿಗೆ ದೂರು ಕೊಡೋದು ಗೊತ್ತಿಲ್ಲ. ನನ್ನನ್ನ ಯಾರೂ ಕೇಳಿಲ್ಲ."

"ನನ್ನ ಮಗ?"

"ಇದ್ದಾನೆ. ನಾನು ಹೊರಡೋವಾಗ ಇದ್ದ. ಈ ಮನೆ ಬಗ್ಗೆ ನನಗೆ ಹೇಳಿಕೊಟ್ಟಿದ್ದು ಅವನೇ. ಎರಡನೇ ಕುರ್ಚಿ ಪೆಡಲ್ ಒತ್ತಿದ್ರೆ ಕಿರ್ ಅನ್ನುತ್ತೆ ಅಂತಲೂ ಹೇಳಿದ್ದ."

"ಹಾಗಾದ್ರೆ ಅವನನ್ನೇ ಯಾಕೆ ತರಲಿಲ್ಲ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಕಣ್ಣು ಮುಚ್ಚಿಕೊಂಡ. "ತೋರಿಸೋ ಹಾಗಿಲ್ಲಮ್ಮ ಅವನನ್ನ. ಅವನ ಕೈಗಳು…" ಎಂದು ನಿಲ್ಲಿಸಿದ. ಅಪ್ಪ ತಮ್ಮ ಕೈಯಲ್ಲಿದ್ದ ಬ್ರಷ್ಷನ್ನು ನೋಡುತ್ತಾ ನಿಂತರು.

"ಅವನ ಮುಖದ ತುಂಬ ಈಗ ಗಾಯ, ಹಳೇದು ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ಫೋಟೋ ತೋರಿಸಿ, ಎಡಗಡೆ ತಾನೆ ಅಂತ ಅವನನ್ನೇ ಕೇಳಿದ್ರು. ಹೌದು, ಎಡಗಡೆ ಅಂದ. ಆಮೇಲೆ ನನ್ನ ಕಾಲು ಹಿಡ್ಕೊಂಡ. ಕ್ಷಮಿಸು, ಬೇರೆ ದಾರಿ ಇರಲಿಲ್ಲ, ಅಪ್ಪ ನಿನ್ನನ್ನ ಕುರ್ಚೀಲಿ ಕೂರಿಸ್ತಾರೆ, ಕೂರಿಸಿದ ತಕ್ಷಣ ಗೊತ್ತಾಗುತ್ತೆ ಅಂದ."

ಅಣ್ಣನ ಮೇಲೆ ಹೆಮ್ಮೆ ಪಡಬೇಕೋ, ಅಸಹ್ಯ ಪಡಬೇಕೋ ತಿಳಿಯದೆ ನಾನು ಬೆಪ್ಪಾಗಿ ನಿಂತೆ. ಇನ್ನೊಬ್ಬನ ಮುಖದ ಮೇಲೆ ನಮಗೆ ಸುದ್ದಿ ಕಳಿಸಿದ್ದ.

ವಕೀಲಮ್ಮ ಬಂದರು. ಹಿಂದಿನ ಕೋಣೆಯಲ್ಲಿ ಎಲ್ಲ ಕೇಳಿ, ಬಾಗಿಲು ಹಾಕಿಕೊಂಡು ಹೇಳಿದರು. "ಸಮಿತಿಯವರು ಕೇಳೋದು ಒಂದೇ ಪ್ರಶ್ನೆ. ಇವನು ನಿಮ್ಮ ಮಗನಾ? ಹೌದು ಅಂದ್ರೆ ಕೇಸು ಮುಚ್ಚುತ್ತೆ. ಆಮೇಲೆ ನಿಮ್ಮ ಮಗನನ್ನ ಬದುಕಿಸಿಡೋ ಅಗತ್ಯ ಯಾರಿಗೂ ಇರಲ್ಲ. ಅಲ್ಲ ಅಂದ್ರೆ ಇವನನ್ನ ವ್ಯಾನ್ ಹತ್ತಿಸ್ತಾರೆ. ಇವನ ಹೆಸರಲ್ಲಿ ದೂರೇ ಇಲ್ಲ, ತಡೆಯೋಕೆ ಸಮಿತಿಗೆ ಅಧಿಕಾರ ಇಲ್ಲ."

"ಎರಡರಲ್ಲಿ ಒಬ್ಬರನ್ನ ನಾವೇ ಕೊಲ್ಲಬೇಕು, ಅಷ್ಟೇ ತಾನೆ?" ಎಂದೆ. ಕಾನೂನಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಇಷ್ಟು ವರ್ಷ ನಮ್ಮ ಜೊತೆ ಓಡಾಡಿದ ಹೆಂಗಸು, ಅವರ ಮೇಲೆ ಏನು ಸಿಟ್ಟಾಗುವುದು?

ಮಧ್ಯಾಹ್ನ ಸಮಿತಿಯ ಹಿರಿಯರೊಬ್ಬರು ಬಂದರು. ಬೆಳ್ಳಗಿನ ಕೂದಲು, ಸೌಮ್ಯ ಮುಖ, ಸವೆದ ಬೂಟು. ಕೂರಲು ಅಣ್ಣನ ಕುರ್ಚಿಯನ್ನೇ ಕೊಟ್ಟೆವು. ಅವರು ಕೇಳಿದ್ದನ್ನು ವಕೀಲಮ್ಮ ನಮ್ಮ ಮಾತಿಗೆ ತಂದರು. ಇವರು ನಿಮ್ಮ ಮಗನೇ?

ಅಧಿಕಾರಿ ಬಾಗಿಲಲ್ಲಿ ನಿಂತು ನಗುತ್ತಿದ್ದ. ಕುರ್ಚಿಯಲ್ಲಿದ್ದವನು ಕನ್ನಡಿಯೊಳಗಿಂದ ಅಪ್ಪನನ್ನೇ ನೋಡುತ್ತಿದ್ದ.

"ಹೌದು, ನನ್ನ ಮಗ" ಎಂದರು ಅಪ್ಪ.

ನಾನು ಗೋಡೆಗೆ ಒರಗಿಬಿಟ್ಟೆ. ಮುಗಿಯಿತು, ಅಣ್ಣ ಸತ್ತ ಎಂದುಕೊಂಡೆ.

"ಸರ್ಕಾರವೇ ಮೊಹರು ಒತ್ತಿ ಕೊಟ್ಟಿದೆ, ನೋಡಿ. ದೊಡ್ಡವರು ಪರಿಶೀಲಿಸಿ ಕೊಟ್ಟ ಮೇಲೆ ನಾನು ಅಲ್ಲ ಅಂತೀನಾ?" ಅಪ್ಪ ಕಾಗದವನ್ನು ಆ ಹಿರಿಯರ ಕೈಗೆ ಕೊಟ್ಟರು. ಆಮೇಲೆ ಗೋಡೆಯಿಂದ ಫೋಟೋ ತೆಗೆದು ಅದನ್ನೂ ಕೊಟ್ಟರು. "ಆದ್ರೆ ದೂರಲ್ಲಿ ಇರೋನು ನನ್ನ ಇನ್ನೊಬ್ಬ ಮಗ. ಈ ಫೋಟೋ ಕನ್ನಡೀಲಿ ತೆಗೆದಿದ್ದು. ಹಿಂದೆ ಬೋರ್ಡಿದೆ, ಅಕ್ಷರ ತಿರುವುಮುರುವಾಗಿದೆ, ನೀವೇ ನೋಡಿ. ಅವನಿಗೆ ಕಲೆ ಇರೋದು ಬಲಗಡೆ. ಇವನೂ ಬಂದ, ಸಂತೋಷ. ಅವನು ಇನ್ನೂ ಬಂದಿಲ್ಲ."

ಆ ಹಿರಿಯರು ಫೋಟೋ ನೋಡಿದರು, ಎದ್ದು ಬಂದು ಆ ಮನುಷ್ಯನ ಹುಬ್ಬನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಿರುಗಿದಾಗ ಅವರ ಬಾಯಿ ಅರ್ಧ ತೆರೆದೇ ಇತ್ತು. ಎಲ್ಲೆಲ್ಲಿ ಏನೇನು ಕಂಡವರೋ, ಇದನ್ನು ಕಂಡಿರಲಿಲ್ಲ.

"ಹಾಗಾದ್ರೆ ಇವನು ಇವರ ಮಗ ಅಲ್ಲ. ತಪ್ಪಾಗಿದೆ, ನಾವು ಕರ್ಕೊಂಡು ಹೋಗ್ತೀವಿ" ಎಂದು ಅಧಿಕಾರಿ ಮುಂದೆ ಬಂದ. ನಗು ಮಾಯವಾಗಿತ್ತು.

"ಕಾಗದ ಸುಳ್ಳಾ ಸಾಹೇಬ್ರೇ?" ಎಂದರು ಅಪ್ಪ. "ಸುಳ್ಳು ಅಂತ ಇವರ ಮುಂದೆ ಹೇಳಿಬಿಡಿ, ಬರ್ಕೊಳ್ತಾರೆ."

ವಕೀಲಮ್ಮ ಒಂದಕ್ಷರವೂ ಬಿಡದೆ ಅನುವಾದಿಸಿದರು. ಅಧಿಕಾರಿ ಬಾಗಿಲಿನ ಕಡೆ ನೋಡಿದ, ಕಾಗದದ ಕಡೆ ನೋಡಿದ, ವ್ಯಾನು ಹತ್ತಿ ಹೋದ. ಆ ಮನುಷ್ಯ ಕುರ್ಚಿಯಲ್ಲಿ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅರ್ಧಕ್ಕೆ ಬಿಟ್ಟ ಅವನ ಗಡ್ಡವನ್ನು ಪೂರ್ತಿ ಮಾಡಿದರು.

ಅವನು ನಮ್ಮಲ್ಲೇ ಉಳಿದ. ಅವನ ತಾಯಿಯ ಹೆಸರಿನಲ್ಲಿ ಇನ್ನೊಂದು ದೂರು ಬರೆಯಲು ವಕೀಲಮ್ಮ ಕೂತರು. ಕೇಸು ಮುಚ್ಚಿಲ್ಲ, ಸರ್ಕಾರ ಸಮಿತಿಯ ಮುಂದೆ ತಲೆ ತಗ್ಗಿಸಿದೆ ಎಂದು ಅವರು ಹೇಳಿದಾಗ ನಾನು ವರ್ಷಗಳ ನಂತರ ಕನ್ನಡಿಯಲ್ಲಿ ನನ್ನದೇ ನಗುವನ್ನು ಕಂಡೆ. ನಾಚಿಕೆಯ ಬೆತ್ತಕ್ಕೂ ಪೆಟ್ಟು ಕೊಡುವ ಶಕ್ತಿಯಿದೆ ಎಂದು ನಂಬಿದೆ.

ವ್ಯಾನು ಮತ್ತೆ ಬಂತು. ಅದೇ ಅಧಿಕಾರಿ, ಅದೇ ನಗು, ಅಂಥದ್ದೇ ಮೊಹರಿನ ಕಾಗದ. ಇನ್ನೊಬ್ಬ ಮನುಷ್ಯ ಇಳಿದ. ಅದೇ ಎತ್ತರ, ಬೋಳು ತಲೆ. ಬಲ ಹುಬ್ಬಿನ ಮೇಲೆ ಗಾಯ. ಹೊಲಿಗೆಯ ದಾರವನ್ನು ಇನ್ನೂ ಬಿಚ್ಚಿರಲಿಲ್ಲ.

ಅವನು ನನ್ನ ಹತ್ತಿರ ಬಂದು, ಹೆದರುತ್ತಾ, ಕಂಠಪಾಠ ಒಪ್ಪಿಸುವವನಂತೆ ಮೆಲ್ಲಗೆ ಅಂದ. "ಕತ್ತರಿ."

ಅಣ್ಣ ಬದುಕಿದ್ದಾನೆ ಎಂದು ನನ್ನ ಜೀವ ಕುಣಿಯಿತು. ಅದೇ ಉಸಿರಿನಲ್ಲಿ, ಈ ಹುಬ್ಬನ್ನು ಕೊಯ್ದದ್ದು ನಮ್ಮ ಮಾತನ್ನು ಕೇಳಿಕೊಂಡೇ ಎಂದು ಹೊಳೆದು, ಆ ಸಂತೋಷಕ್ಕೆ ನನಗೇ ನಾಚಿಕೆಯಾಯಿತು. ಬಲಗಡೆ ಎಂದು ಹೇಳಿದ್ದು ನಾವು.

ಅಪ್ಪ ಬಾಗಿಲನ್ನು ಪೂರ್ತಿ ತೆರೆದರು. ಮೊದಲು ಬಂದವನು ಓಡಿ ಬಂದು ಇವನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ.

"ಇವನೂ ನನ್ನ ಮಗನೇ. ಇನ್ನೊಬ್ಬ ಬರಬೇಕು" ಎಂದರು ಅಪ್ಪ.

ಅಧಿಕಾರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಬೇರೆ ಗುರುತು ಏನಾದ್ರೂ ಇದ್ರೆ ಹೇಳಿ ಯಜಮಾನ್ರೇ, ಅನುಕೂಲ ಆಗುತ್ತೆ" ಎಂದ.

ಅಣ್ಣನ ಮೈಮೇಲೆ ಇನ್ನೊಂದು ಗುರುತಿದೆ. ಎಲ್ಲಿದೆ ಎಂದು ನನಗೆ ಗೊತ್ತು, ಅಪ್ಪನಿಗೆ ಗೊತ್ತು. ನಾವು ಯಾರಿಗೂ ಹೇಳುವುದಿಲ್ಲ.